ಐವತ್ತನೇ ವರ್ಷದ ಪ್ಲೇಟುಗಳ ಪಾಲು

ನಮ್ಮ ಮನೆ ಪಾಲಾದದ್ದಕ್ಕೆ ನನಗೆ ಸಿಟ್ಟಿಲ್ಲ. ಪಾಲು ಮಾಡಿದ ರೀತಿಗೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ. ಕೊಳ್ಳೇಗಾಲದಲ್ಲಿ ಅಣ್ಣತಮ್ಮಂದಿರು ಬೇರೆಯಾಗುವುದು ಹೊಸದೇನಲ್ಲ. ಹಿರಿಯರು ಬಂದು ಜಗಲಿ ಮೇಲೆ ಕೂರುತ್ತಾರೆ, ಎಲೆಅಡಿಕೆ ಹಾಕುತ್ತಾರೆ, ತಪ್ಪಲೆಯಿಂದ ಒನಕೆಯ ತನಕ ಎಲ್ಲವನ್ನೂ ಎರಡು ಗುಡ್ಡೆ ಮಾಡುತ್ತಾರೆ. ತಪ್ಪಲೆಗೆ ಅದು ಸರಿ. ನನ್ನ ಗ್ರಾಮಫೋನ್ ಪ್ಲೇಟುಗಳಿಗೂ ಅದನ್ನೇ ಮಾಡಿದರು.

ಬಿಳಿಗಿರಿರಂಗನ ಬೆಟ್ಟದ ಒಂದು ಕಾಫಿ ತೋಟದಲ್ಲಿ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಅಲ್ಲಿಯ ದೊರೆಗೆ ತನ್ನ ದೇಶದ ಸಂಗೀತವೆಂದರೆ ಪ್ರಾಣ. ಸಂಜೆ ಕೆಲಸ ಒಪ್ಪಿಸಲು ಹೋದರೆ ಕೂರಿಸಿ ಕೇಳಿಸುತ್ತಿದ್ದ. ಮೊದಮೊದಲು ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಾಡಿದ ಹಾಗೆ ಕೇಳುತ್ತಿತ್ತು. ಆ ಗದ್ದಲದ ನಡುವೆ ಒಬ್ಬ ಸಣ್ಣ ಕೋಲು ಹಿಡಿದು ನಿಂತಿರುತ್ತಾನೆ, ಅಷ್ಟು ಜನರ ಉಸಿರೂ ಅವನ ಕೈಯಲ್ಲಿರುತ್ತದೆ ಎಂದು ದೊರೆ ಹೇಳಿದ ಮೇಲೆ ನನ್ನ ಕಿವಿ ತೆರೆಯಿತು. ಅದೇ ವಾದ್ಯ, ಅದೇ ಸ್ವರ, ಕೋಲು ಹಿಡಿದವನು ಬದಲಾದರೆ ಸಂಗೀತವೇ ಬೇರೆ. ಆಮೇಲೆ ನನಗೂ ಅದೇ ಹುಚ್ಚು ಹತ್ತಿತು.

ಅವರ ಕಡೆಯ ಒಂದು ದೊಡ್ಡ ವಾದ್ಯಮೇಳಕ್ಕೆ ಐವತ್ತು ವರ್ಷ ತುಂಬಿದಾಗ, ಅದನ್ನು ಕೋಲು ಹಿಡಿದು ನಡೆಸಿದ್ದ ನಾಯಕರಲ್ಲಿ ಬದುಕಿದ್ದವರನ್ನೆಲ್ಲ ಕರೆಸಿ, ಒಬ್ಬೊಬ್ಬರಿಂದ ಒಂದೊಂದು ಸಿಂಫೋನಿ, ಅಂದರೆ ಮೇಳವೆಲ್ಲ ಸೇರಿ ನುಡಿಸುವ ದೊಡ್ಡ ಕೃತಿ, ನಡೆಸಿಸಿ ಪ್ಲೇಟು ಮಾಡಿದ್ದರು. ಸ್ವಾತಂತ್ರ್ಯ ಬಂದು ದೊರೆ ಊರಿಗೆ ಹೊರಟಾಗ ಮೆಷಿನ್ನಿನ ಜೊತೆ ಆ ಸಾಲಿನ ಮೊದಲ ಪೆಟ್ಟಿಗೆಯನ್ನು ನನಗೆ ಕೊಟ್ಟ. ಉಳಿದವನ್ನು ಮದರಾಸಿನ ಅಂಗಡಿಗೆ ಬರೆದು ಬರೆದು ಒಂದೊಂದಾಗಿ ತರಿಸಿದೆ. ಹಾಸನೂರು ಘಾಟಿಯಲ್ಲಿ ಬಸ್ಸು ಕುಲುಕಿ ಒಡೆದವನ್ನು ಮತ್ತೆ ತರಿಸಿದೆ. ಕೊನೆಯ ಪೆಟ್ಟಿಗೆ ಬಂದಾಗ ಸೆಟ್ಟು ತುಂಬಿತು ಅಂತ ಹೆಂಡತಿ ಶಿವರತ್ನಮ್ಮನ ಕೈಲಿ ಪಾಯಸ ಮಾಡಿಸಿದ್ದೆ. ಅದಾಗಿ ಎರಡು ತಿಂಗಳಿಗೇ ಮನೆ ಪಾಲಾಯಿತು.

ಪ್ಲೇಟು ನನ್ನ ಸಂಬಳದ್ದು ಅಂದೆ. ಒಟ್ಟುಮನೆಯಲ್ಲಿ ಇದ್ದಾಗ ತಂದದ್ದೆಲ್ಲ ಒಟ್ಟಿನದು ಅಂದ ಅಣ್ಣ ಕೆಂಪನಂಜಪ್ಪ. ಹಿರಿಯರು ತಲೆಯಾಡಿಸಿದರು. ಹಾಗಾದರೆ ಪೆಟ್ಟಿಗೆ ಲೆಕ್ಕದಲ್ಲಾದರೂ ಹಂಚಿ, ಒಂದು ಪೆಟ್ಟಿಗೆ ಅಂದರೆ ಒಂದು ಸಿಂಫೋನಿ, ಅದನ್ನು ಮುರಿಯಬೇಡಿ ಎಂದು ಕೈಮುಗಿದೆ. ಪೆಟ್ಟಿಗೆಗಳು ಒಂದೇ ಸಮ ಇರಲಿಲ್ಲ, ಒಂದರಲ್ಲಿ ಮೂರು ಪ್ಲೇಟು, ಇನ್ನೊಂದರಲ್ಲಿ ಐದು. ಅಗರದಿಂದ ಬಂದಿದ್ದ ನಮ್ಮ ಸೋದರಮಾವ ನಂಜಯ್ಯ ಬಹಳ ನ್ಯಾಯವಂತ. ಹಾಗೆ ಹಂಚಿದರೆ ಒಬ್ಬನಿಗೆ ಮೋಸವಾಗುತ್ತದೆ ಅಂದ. ಪೆಟ್ಟಿಗೆಗಳನ್ನೆಲ್ಲ ಬಿಚ್ಚಿಸಿ, ಪ್ಲೇಟುಗಳನ್ನು ಒಂದೊಂದಾಗಿ ಎತ್ತಿ ಎರಡು ಕಡೆ ಇಡುತ್ತಾ ಹೋದ.

"ಒಂದ್ ನಿಂಗ, ಒಂದ್ ಅವ್ನ್ಗ. ಯಾರ್ಗೂ ಎಚ್ಚಿಲ್ಲ, ಯಾರ್ಗೂ ಕಮ್ಮಿ ಇಲ್ಲ ಕಣ್ಲಾ."

ಒಂದು ಪ್ಲೇಟು ನಿಂತ ಜಾಗದಿಂದಲೇ ಇನ್ನೊಂದು ಶುರುವಾಗುತ್ತದೆ. ಈಗ ಪ್ರತಿ ಸಿಂಫೋನಿಯೂ ಒಂದು ಪ್ಲೇಟು ನನ್ನ ಮನೆಯಲ್ಲಿ, ಮುಂದಿನದು ಅಣ್ಣನ ಮನೆಯಲ್ಲಿ. ಮೆಷಿನ್ನು ನನ್ನ ಪಾಲಿಗೆ ಬಂತು, ಅಣ್ಣನ ಪಾಲಿಗೆ ಹೊಲಿಗೆ ಮೆಷಿನ್ನು. ನುಡಿಸಲು ಏನೂ ಇಲ್ಲದವನಿಗೆ ಆ ಪ್ಲೇಟುಗಳು ಯಾಕೆ ಬೇಕಾಗಿದ್ದವು ಎನ್ನುವುದು ಆರು ತಿಂಗಳಾದ ಮೇಲೆ ಗೊತ್ತಾಯಿತು. ನನ್ನ ಪಾಲಿನ ಕಾಲುವೆ ಮಗ್ಗುಲಿನ ಹಿಪ್ಪುನೇರಳೆ ತೋಟ ಬರೆದುಕೊಟ್ಟರೆ ಪ್ಲೇಟೆಲ್ಲ ಕೊಡುತ್ತೇನೆ, ಬದಲಿಗೆ ಹನೂರು ದಾರಿಯ ಕಲ್ಲುಹೊಲ ತಗೊ ಎಂದು ಹೇಳಿ ಕಳಿಸಿದ. ನನ್ನ ಹುಚ್ಚಿನ ಅಳತೆ ಅವನಿಗೆ ಸರಿಯಾಗಿ ಗೊತ್ತಿತ್ತು.

ಕೊಟ್ಟುಬಿಡಲೇ ಎಂದದ್ದಕ್ಕೆ ಶಿವರತ್ನಮ್ಮ ಎರಡು ದಿನ ಮಾತು ಬಿಟ್ಟಳು. ನಾನು ಅರ್ಧರ್ಧ ಸಂಗೀತ ಹಾಕಿಕೊಂಡು, ಪ್ಲೇಟು ಮುಗಿದ ಕಡೆ ಗೋಡೆ ನೋಡುತ್ತಾ ಕೂರುತ್ತಿದ್ದೆ. ಮೇಳದ ನಾಯಕರಲ್ಲೆಲ್ಲ ಹಿರಿಯ ಮುದುಕನೊಬ್ಬ ನಡೆಸಿದ ಸಿಂಫೋನಿಯಲ್ಲಿ ಒಂದು ನಿಧಾನದ ಭಾಗವಿದೆ. ಅದಷ್ಟೂ ಒಂದೇ ಪ್ಲೇಟಿನಲ್ಲಿ, ಆ ಪ್ಲೇಟು ಅಣ್ಣನ ಮನೆಯಲ್ಲಿತ್ತು. ಕೊನೆಗೆ ಅವಳೇ ಬೇಸತ್ತು, ಹೋಗಿ ಬರೆದುಕೊಡಿ, ನಿಮ್ಮನ್ನು ಹೀಗೆ ನೋಡಲಾರೆ ಅಂದಳು.

ಅಣ್ಣನ ಮನೆಯಲ್ಲೇ ಒಂದು ಸಲ ಪೂರ್ತಿ ಕೇಳಿ ರುಜು ಹಾಕೋಣ ಎಂದು ಮೆಷಿನ್ನನ್ನೂ ನನ್ನ ಅರ್ಧವನ್ನೂ ಗಾಡಿಯಲ್ಲಿ ಹೇರಿಕೊಂಡು ಹೋದೆ. ಅಣ್ಣ ಕಾಗದ ಬರೆಸಿಟ್ಟಿದ್ದ. ಅತ್ತಿಗೆ ಪುಟ್ಟಮಲ್ಲಮ್ಮ ನಗುನಗುತ್ತಾ ಪ್ಲೇಟು ತರಲು ಒಳಗೆ ಹೋದರು. ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವರು ಅವರು. ಪಾಲಿನ ದಿನ ಅತ್ತದ್ದು ಅವರೊಬ್ಬರೇ.

ಪ್ಲೇಟುಗಳನ್ನು ಅವರು ಹೊರಗೆ ತಂದದ್ದು ರೇಷ್ಮೆ ಹುಳು ಸಾಕುವ ಕೋಣೆಯಿಂದ. ನಮ್ಮ ಕಡೆ ಮನೆಯಲ್ಲೆಲ್ಲ ಅತಿ ಮಡಿಯ ಜಾಗ ಅದು. ಸ್ನಾನ ಮಾಡದೆ ಒಳಗೆ ಕಾಲಿಡುವಂತಿಲ್ಲ, ಇಲಿಯಿಲ್ಲ, ಧೂಳಿಲ್ಲ. ಚಳಿಗೆ ಹುಳು ಸೊರಗಬಾರದೆಂದು ಹಗಲೂ ರಾತ್ರಿ ಕೆಂಡದ ಅಗ್ಗಿಷ್ಟಿಕೆ ಉರಿಯುತ್ತದೆ.

"ಮಳೇಲಿ ಪ್ಲೇಟಿನ ರಟ್ಟೆಲ್ಲ ತಂಡಿ ಇಡ್ಕತಿತ್ತು ಕಣಪ್ಪ. ಅದ್ಕೇ ತೆಗ್ದು ಒಂದೊಂದ್ನೂ ಒಂದೊಂದು ತಟ್ಟೇಲಿ ಬೆಚ್ಚಗ ಮಡಿಗಿದ್ದೆ" ಅಂದರು.

ಹುಳು ಸಾಕುವ ಬಿದಿರು ತಟ್ಟೆ ನಡುವೆ ತಗ್ಗಾಗಿರುತ್ತದೆ. ಅರಗಿನ ಪ್ಲೇಟು ಆ ಶಾಖಕ್ಕೆ ಮೆತ್ತಗಾಗಿ, ತಗ್ಗಿಗೆ ತಕ್ಕಂತೆ ಕುಸಿದು ಕೂತಿತ್ತು. ಒಂದಲ್ಲ, ಅಷ್ಟೂ. ಒಂದರ ಮೇಲೂ ಒಂದು ಗೀರಿರಲಿಲ್ಲ, ಚೂರು ಧೂಳಿರಲಿಲ್ಲ.

ಅಣ್ಣನಿಗೆ ಅವಸರ. ತಾನೇ ಹಿಡಿ ತಿರುಗಿಸಿ, ಗೊತ್ತಿಲ್ಲದೆ ಆ ಮುದುಕನ ನಿಧಾನದ ಭಾಗದ ಪ್ಲೇಟನ್ನೇ ಏರಿಸಿದ. ಮುಳ್ಳು ಎದ್ದು ಬಿದ್ದು, ಜಾರಿ, ಕಿರ್ರೆಂದು ಕೆರೆಯಿತು. ನಡುನಡುವೆ ಒಂದು ಪಿಟೀಲು ಅತ್ತು ನಿಂತಿತು. ಅಣ್ಣ ತಾಳ್ಮೆಯಿಂದ ಕೊನೆಯವರೆಗೂ ಕೇಳಿ, ಕಾಗದವನ್ನು ನನ್ನ ಕಡೆ ತಳ್ಳಿದ.

"ಕೆಟ್ಟೋಗಿದೆ ಕಣಣ್ಣ."

"ಏನ್ಲಾ ಕೆಟ್ಟಿರಾದು? ಮೊದ್ಲಿಂದ್ಲೂ ಇಂಗೇ ಅಲ್ವಾ ಅದು?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಕಿವಿಗೆ ಅಂದಿಗೂ ಇಂದಿಗೂ ವ್ಯತ್ಯಾಸವೇ ಇರಲಿಲ್ಲ. ಅದು ನನಗೆ ಇನ್ನೂ ಕೋಪ ತರಿಸಿತು. ಇವನು ಬರೀ ಆಸೆಬುರುಕನಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ಕಾಗದವನ್ನು ಅವನ ಕಡೆಗೇ ತಳ್ಳಿ, ತೋಟ ಕೊಡುವುದಿಲ್ಲ ಅಂದೆ. ಹಾಗಾದರೆ ಪ್ಲೇಟು ಇಲ್ಲೇ ಇರುತ್ತವೆ ಅಂದ. ಇರಲಿ ಅಂದೆ. ತಮ್ಮನಾದವನು ಕೊನೇಗಳಿಗೆಯಲ್ಲಿ ಮಾತು ತಪ್ಪಿದ ಎಂದು ಅವನು ದುಸುದುಸು ಎನ್ನುತ್ತಾ ಎದ್ದು ಹೋದ.

ಅತ್ತಿಗೆ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು.

"ನಾ ಮಡಿಗಿದ್ದು ಸರೀಗಿರ್ನಿಲ್ವಾಪ್ಪ?"

"ಸರೀಗೇ ಮಡಿಗಿದ್ರಿ, ಅತ್ಗೆ."

ಅವರ ಮುಖ ಅರಳಿತು. ಪ್ಲೇಟುಗಳನ್ನು ಸೆರಗಿನಲ್ಲಿ ಒರೆಸಿ ಒಂದರ ಮೇಲೊಂದು ಜೋಡಿಸಿಕೊಂಡು, ನಾನು ಗಾಡಿಯಿಂದ ಇಳಿಸಿದ್ದ ಪೆಟ್ಟಿಗೆಗಳ ಕಡೆ ನೋಡಿದರು.

"ನಿನ್ನವ್ನೂ ಇಲ್ಲೇ ಬುಟ್ಟೋಗಪ್ಪ, ನಾನೇ ಬೆಚ್ಚಗ ಮಡಿಗ್ತೀನಿ. ಅವಾದ್ರೂ ಒಟ್ಗಿರ್ಲಿ."

ಬಗ್ಗಿ ನನ್ನ ಪೆಟ್ಟಿಗೆಗಳನ್ನು ಎತ್ತಿ ಎದೆಗವಚಿಕೊಂಡೆ. ಅತ್ತಿಗೆ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಮನೆ ಒಡೆದವನು ನಾನೇ ಎನ್ನುವ ಹಾಗೆ ನನ್ನನ್ನು ನೋಡಿ, ಒಳಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡರು.