ಗಂಟಿನಲ್ಲಿ ಜವಾಬಿಲ್ಲದ ಸವಾಲು

ಇದನ್ನು ಹೇಳಬೇಕಾದವನು ನಾನಲ್ಲ. ಶಮಶಾದಬಿ ಅತ್ತೆ ಹೇಳಬೇಕಿತ್ತು, ಇಲ್ಲವೇ ಮಾಳಿಂಗರಾಯ ಮಾಮಾ. ಅತ್ತೆ ತನಗೆ ಬರೆಯಲು ಬರುವುದಿಲ್ಲ, ನೀನೇ ಬರಿ ಅಂದಳು. ಮಾಮಾ, ಹಾಡಿದ್ದೇ ಸಾಕು, ಮತ್ತೇನು ಬರೆಯುವುದು ಅಂದ. ನಾನು ಝಳಕಿಯಲ್ಲಿ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವವನು. ನನ್ನ ಕನ್ನಡ ಸಂಜೆ ಕಾಲೇಜಿನದು, ಅದರಲ್ಲೂ ಅರ್ಧ ಬಸ್ಸಿನಲ್ಲಿ ತೂಕಡಿಸುತ್ತ ಕಲಿತದ್ದು. ನಾನು ಹುಟ್ಟುವ ಮೊದಲಿನ ಸಂಕಟವನ್ನು, ಬೇರೆಯವರ ಮನೆಯ ದುಃಖವನ್ನು ನಾನು ಹೇಳಹೊರಟದ್ದು ಅಧಿಕಪ್ರಸಂಗವೇ. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮದು ಝಳಕಿಯ ಡೊಳ್ಳಿನ ಹಾಡಿನ ಮೇಳ, ಅದಕ್ಕೆ ಹಾಡು ಕಟ್ಟುವವನು ನಾನು. ನನ್ನ ತಾಯಿಯ ಅಣ್ಣ ಮಾಳಿಂಗರಾಯ ಮಾಮಾ ಮುಂದೆ ನಿಂತು ಹಾಡುತ್ತಾನೆ. ಹಿಂದೆ ಹಿಮ್ಮೇಳ, ಅದನ್ನು ನಡೆಸುವವಳು ಅವನ ಮಗಳು ಕಾವೇರಿ. ಮುಂದಿನವನು ಬಿಟ್ಟ ಸಾಲನ್ನು ಹಿಡಿದು ಎತ್ತುವುದಷ್ಟೇ ಹಿಮ್ಮೇಳದ ಕೆಲಸ. ಅವನು ಹಾಡದ್ದನ್ನು ಹಿಮ್ಮೇಳ ಹಾಡುವ ಹಾಗಿಲ್ಲ. ಪಂದ್ಯಕ್ಕೆ ಕೂತಾಗ ಎದುರಿಗೆ ಇನ್ನೊಂದು ಊರಿನ ಮೇಳ ಇರುತ್ತದೆ. ಒಬ್ಬರು ಹಾಡಿನಲ್ಲಿ ಸವಾಲು ಹಾಕಬೇಕು, ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಇದಕ್ಕೊಂದು ಕಟ್ಟಳೆ ಇದೆ: ಸವಾಲು ಹಾಕಿದವರ ಗಂಟಿನಲ್ಲಿ ಅದರ ಜವಾಬು ಇರಲೇಬೇಕು. ಎದುರಿನವರು ಕೈಚೆಲ್ಲಿ ‘ನೀವೇ ಹೇಳ್ರಿ’ ಅಂದಾಗ ಹೇಳಲಾಗದೆ ಹೋದರೆ, ಸವಾಲು ಹಾಕಿದವರೇ ಸೋತ ಹಾಗೆ. ಗೆದ್ದವರ ಹೆಗಲಿಗೆ ಪಂಚರು ಕರಿ ಕಂಬಳಿ ಹೊದಿಸುತ್ತಾರೆ. ನಮ್ಮ ಊರಿಗೆ ಆ ಕಂಬಳಿ ಬಂದು ಬಹಳ ಕಾಲವಾಗಿತ್ತು, ಮಾಮಾನಿಗೆ ಅದೇ ಒಂದು ಕೊರಗು.

ಶಮಶಾದಬಿ ಅತ್ತೆ ಮೇಳದವಳಲ್ಲ. ಹೈವೇ ಬದಿಯಲ್ಲಿ ಅವಳ ಚಹಾದ ಅಂಗಡಿ, ಅದರ ಹಿಂದಿನ ತಗಡಿನ ಶೆಡ್ಡಿನಲ್ಲಿ ನಮ್ಮ ತಾಲೀಮು. ಮಾಮಾ ಅವಳನ್ನು ಅತ್ತೆ ಎನ್ನುವುದು ಬರೀ ಬಾಯಿಮಾತಲ್ಲ. ಅವನ ಅಜ್ಜಿ ಚಂದವ್ವ ಭೀಮಾ ಹೊಳೆಯ ದಂಡೆಯಲ್ಲಿ ಕುರಿ ಕಾಯುತ್ತಿದ್ದಾಗ ಸಿಕ್ಕ, ತನ್ನ ಹೆಸರು ಅಪ್ಪನ ಹೆಸರು ಅಷ್ಟೇ ಹೇಳಲು ಬರುತ್ತಿದ್ದ ಕೂಸು ಅವಳು. ಚಂದವ್ವ ಅವಳನ್ನು ಮನೆಗೆ ತಂದು ಮಗಳಂತೆ ಬೆಳೆಸಿದಳು, ಹೆಸರು ಮಾತ್ರ ಬದಲಿಸಲಿಲ್ಲ. ಅವಳ ಜನರಲ್ಲೇ ಗಂಡು ನೋಡಿ ಲಗ್ನ ಮಾಡಿಕೊಟ್ಟಳು. ತವರು ಅಂದರೆ ಅತ್ತೆಗೆ ಇವತ್ತಿಗೂ ಮಾಮಾನ ಮನೆಯೇ.

ಅವಳು ಸಿಕ್ಕ ವರ್ಷ ರಜಾಕಾರರ ಹಾವಳಿ. ಹೊಳೆಯ ಆಚೆ ನಿಜಾಮನ ರಾಜ್ಯ, ಈಚೆ ಆಗಷ್ಟೇ ಸ್ವತಂತ್ರವಾದ ನಾಡು. ಆಚೆಯ ಊರುಗಳಿಗೆ ರಜಾಕಾರರು ಬೆಂಕಿ ಹಚ್ಚಿದಾಗ ಜನ ಉಟ್ಟ ಬಟ್ಟೆಯಲ್ಲಿ ದಂಡೆಗೆ ಓಡಿ ಬಂದರು. ಅವರನ್ನು ಹರಗೋಲಿನಲ್ಲಿ ಈಚೆಗೆ ದಾಟಿಸಿದವರಲ್ಲಿ ಅತ್ತೆಯ ಅಪ್ಪ ನಿಯಾಜಸಾಬ ಒಬ್ಬ. ನಮ್ಮವನಾಗಿ ಅವರನ್ನು ಯಾಕೆ ದಾಟಿಸುತ್ತಿ ಎಂದು ರಜಾಕಾರರು ಬೆದರಿಸಿದರೂ ಅವನು ಹುಟ್ಟು ಕೆಳಗಿಡಲಿಲ್ಲ. ಆಮೇಲೆ ಸರಕಾರದ ದಂಡು ಬಂತು, ರಜಾಕಾರರು ಓಡಿದರು. ಆಗ ಸೇಡಿನ ಸರದಿ ಬಂತು. ಏನೂ ಮಾಡದವರ ಮನೆಗಳಿಗೂ ಬೆಂಕಿ ಬಿತ್ತು, ಹೆಸರು ಕೇಳಿ ಕೊಂದರು. ಆ ದಿನಗಳಲ್ಲಿ ಯಾರೋ ಒಬ್ಬರು ಪುಟ್ಟ ಶಮಶಾದಳನ್ನು ಹರಗೋಲಿನಲ್ಲಿ ತಂದು ಈಚೆ ದಂಡೆಗೆ ಇಳಿಸಿ ತಿರುಗಿ ಹೋದರು. ನಿಯಾಜಸಾಬನನ್ನು ಈ ಕಡೆಯವರು ಮತ್ತೆ ಯಾರೂ ನೋಡಲಿಲ್ಲ.

ಹೋದ ವರ್ಷ ಸಿಂದಗಿಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮೇಳಗಳ ಪಂದ್ಯ ನಿಗದಿಯಾಯಿತು. ಹಳೆಯ ಹಾಡಿಗೆ ಯಾರೂ ತಲೆದೂಗುವುದಿಲ್ಲ, ಹೊಸದು ಕಟ್ಟು ಎಂದು ಮಾಮಾ ನನಗೆ ಹೇಳುತ್ತಿದ್ದ. ಚಹಾ ಸೋಸುತ್ತಿದ್ದ ಅತ್ತೆ ತಲೆ ಎತ್ತದೆ ನನಗೆ ಅಂದಳು: “ನಮ್ಮಪ್ಪನ ಮ್ಯಾಲೆ ಕಟ್ಟೋ ಕಾಂತು. ನಾ ಸಾಯೂದ್ರಾಗ ಅವನ ಹೆಸರು ನಾಕು ಮಂದಿ ಬಾಯಾಗ ಕೇಳಬೇಕು.”

ಅವಳು ನಮ್ಮ ಹತ್ತಿರ ಏನನ್ನಾದರೂ ಬೇಡಿದ್ದು ನಾನು ಅದೇ ಮೊದಲು ಕೇಳಿದ್ದು.

ನನಗೆ ಹೆದರಿಕೆಯಾಯಿತು. ದೇವರ ಮೇಲೆ, ಮಳೆಯ ಮೇಲೆ ಕಟ್ಟುವುದು ಬೇರೆ, ತಪ್ಪಿದರೆ ದೇವರು ಜಗಳಕ್ಕೆ ಬರುವುದಿಲ್ಲ. ರವಿವಾರ ನನ್ನ ಮೋಟರಿನ ಅಂಗಡಿ ಮುಚ್ಚಿ ಬೈಕಿನಲ್ಲಿ ಹೊಳೆಯ ದಂಡೆಯ ಊರುಗಳಿಗೆ ಹೋಗಿ ಹಿರಿಯರನ್ನು ಕೇಳಿದೆ. ಒಬ್ಬ ಮುದುಕ ತನ್ನ ತಾಯಿ ನಿಯಾಜಸಾಬನ ಹರಗೋಲಿನಲ್ಲೇ ದಾಟಿ ಬಂದವಳು ಎಂದ; ಅವಳು ಬದುಕಿರುವ ತನಕ ಉಣ್ಣುವ ಮೊದಲು ಒಂದು ತುತ್ತು ಆ ಅಂಬಿಗನ ಹೆಸರಿನಲ್ಲಿ ಎತ್ತಿಡುತ್ತಿದ್ದಳಂತೆ. ಅದನ್ನು ಕೇಳಿದ ಮೇಲೆ ಹಾಡು ತಾನಾಗಿ ಬಂತು. ಬಂತು ಅನ್ನಲಿಕ್ಕೂ ಸಂಕೋಚವಾಗುತ್ತದೆ. ಬರೆದದ್ದಕ್ಕಿಂತ ಹೊಡೆದು ಹಾಕಿದ್ದೇ ಹೆಚ್ಚು.

ಹೊಳಿ ತುಂಬಿ ಹರಿವಾಗ ಹರಗೋಲ ತಂದಾನ
ನಿಯಾಜಸಾಬ ಉರಿಯೊಳಗಿನ ಮಂದೀನ ದಾಟಿಸ್ಯಾನ

ಇದು ಪಲ್ಲವಿ. ಮುಂದಿನ ನುಡಿಗಳಲ್ಲಿ ರಜಾಕಾರರ ಬೆಂಕಿ, ದಾಟಿ ಬಂದವರ ಗೋಳು. ಅದಾದ ಮೇಲೆ ಸೇಡಿನ ದಿನಗಳ ನುಡಿಗಳು. ಕೊನೆಗೆ ಸವಾಲು:

ಎಲ್ಲಾರನು ದಾಟಿಸಿದಾಂವ ದಂಡೀಗಿ ನಿಂತಾಗ
ಅವನ ದಾಟಿಸಿದವರ್ಯಾರು, ಕೈಯ ಮುಗಿದಾಗ?

ತಾಲೀಮಿನಲ್ಲಿ ಹಾಡಿ ತೋರಿಸಿದಾಗ ಕಾವೇರಿ ಸವಾಲನ್ನು ಇನ್ನೊಮ್ಮೆ ಹಾಡಿಸಿ ಕೇಳಿದಳು. ನನ್ನನ್ನು ಸದಾ ‘ಮೋಟರ್ ಕವಿ’ ಎಂದು ಕಾಡುವವಳು ಅವತ್ತು ಆ ಹೆಸರು ಎತ್ತಲಿಲ್ಲ. ಮಾಮಾ ಮಾತ್ರ ಜವಾಬು ಏನು ಎಂದು ಕೇಳಿದ. ಗೊತ್ತಿಲ್ಲ ಎಂದೆ. ಅವನು ಡೊಳ್ಳಿನ ಕೋಲು ಕೆಳಗಿಟ್ಟ. ಜವಾಬು ಗೊತ್ತಿಲ್ಲದೆ ಸವಾಲು ಕಟ್ಟುವ ಪೆದ್ದನನ್ನು ತನ್ನ ಜೀವಮಾನದಲ್ಲಿ ನೋಡಿಲ್ಲ, ಕಂಬಳಿಯನ್ನು ನಾವೇ ಮಡಚಿ ಎದುರಿನವರಿಗೆ ಕೊಟ್ಟ ಹಾಗಾಗುತ್ತದೆ ಎಂದ. ಅವನ ಮಾತು ಸರಿಯೇ. ಹಾಡು ಕಟ್ಟುವವನು ಮೊದಲು ನೋಡಬೇಕಾದದ್ದನ್ನೇ ನಾನು ನೋಡಿರಲಿಲ್ಲ.

ಸವಾಲನ್ನಷ್ಟೇ ಬಿಡೋಣ, ಉಳಿದದ್ದು ಹಾಡೋಣ ಎಂದೆ. ಮಾಮಾ, ಸೇಡಿನ ನುಡಿಗಳೂ ಬೇಡ, ರಜಾಕಾರರ ತನಕ ಹಾಡಿ ನಿಲ್ಲಿಸಿ ಜವಾಬು ಗೊತ್ತಿರುವ ಹಳೆಯ ಸವಾಲೊಂದನ್ನು ಹಾಕೋಣ, ಕಾಲ ಸರಿಯಿಲ್ಲ, ಕೂತವರಲ್ಲಿ ಯಾರು ಏನು ಅನ್ನುತ್ತಾರೋ ಎಂದ. ಅವನಿಗೆ ಹೆದರಿಕೆ ಇದ್ದದ್ದು ಕಟ್ಟಳೆಯದೋ, ಮಂದಿಯದೋ, ನಾನು ಕೇಳಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

“ಮಾಳ್ಯಾ, ಅರ್ಧಾ ಹಾಡಿದ್ರ ಪೂರಾ ಸುಳ್ಳ ಆಗ್ತೈತಿ” ಅಂದಳು. “ದಾಟಿಸಿದ್ದು ಹಾಡ್ತಿ. ಅಂವಾ ಏನಾದ ಅಂತ ಯಾರೂ ಕೇಳಬಾರದೇನು?”

“ಅತ್ತೀ, ಸೋಲ್ತೇವಿ.”

“ನಾ ಕಂಬಳಿ ಕೇಳೇನೇನು?”

ಮಾಮಾ ಮನಸ್ಸು ಬದಲಿಸಲಿಲ್ಲ. ಅರ್ಧವೇ ಹಾಡುವುದೆಂದು ಗಟ್ಟಿಯಾಯಿತು. ಕಾವೇರಿ ಮಾತ್ರ ಹಿಮ್ಮೇಳದವರಿಗೆ ಪೂರ್ತಿ ಹಾಡನ್ನು ಕಲಿಸುತ್ತಲೇ ಇದ್ದಳು. ಹಾಡದ್ದನ್ನು ಯಾಕೆ ಕಲಿಸುತ್ತಿ ಎಂದರೆ, ಕಲಿತರೆ ಬಾಯಿ ಸವೆಯುತ್ತದೇನು ಎಂದಳು.

ಪಂದ್ಯದ ದಿನ ಸಿಂದಗಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಶಾಮಿಯಾನದ ಕೆಳಗೆ ಮಂದಿ ಕಿಕ್ಕಿರಿದಿದ್ದರು. ಅತ್ತೆ ನಮ್ಮ ಜೀಪಿನಲ್ಲೇ ಬಂದು ಹೆಂಗಸರ ಮುಂದಿನ ಸಾಲಿನಲ್ಲಿ ಕೂತಳು. ಸಿಂದಗಿ ಮೇಳವೂ ಮುದ್ದೇಬಿಹಾಳದ ಮೇಳವೂ ಬೆಳಿಗ್ಗೆಯೇ ಸೋತು ಪಕ್ಕಕ್ಕೆ ಕೂತಿದ್ದವು. ಮಧ್ಯಾಹ್ನದ ಕೊನೆಯ ಜೋಡಿ ನಾವು ಮತ್ತು ಇಂಗಳೇಶ್ವರದವರು. ಅವರ ಮುಂದಿನ ಹಾಡುಗಾರ ಗುರಪ್ಪ ದೊಡ್ಡ ಮೀಸೆಯವನು, ಬಾಯಿ ಅದಕ್ಕಿಂತ ದೊಡ್ಡದು. ಝಳಕಿಯವರು ಹೈವೇ ಮಂದಿ, ಟ್ರಕ್ಕಿನ ಹಾರ್ನ್ ಕೇಳಿ ಕೇಳಿ ಕಿವಿ ಹೋಗಿವೆ, ಇನ್ನು ತಾಳ ಎಲ್ಲಿಂದ ಬರಬೇಕು ಎಂದು ಮೊದಲ ಸಾಲಿನಲ್ಲೇ ನಮ್ಮನ್ನು ಚುಚ್ಚಿದ. ಮಂದಿ ನಕ್ಕರು. ಇಂಗಳೇಶ್ವರಕ್ಕೆ ಹೋಗಲು ಬಸ್ಸು ಯಾವಾಗಲೋ ಒಂದು, ಅದಕ್ಕೇ ಅಲ್ಲಿಯವರ ತಾಳವೂ ತಡವಾಗಿ ಬರುತ್ತದೆ ಎಂದು ಮಾಮಾ ತಿರುಗಿಸಿ ಕೊಟ್ಟ. ಗುರಪ್ಪನೂ ನಕ್ಕ.

ಆಮೇಲೆ ಮಾಮಾ ನಿಯಾಜಸಾಬನ ಹಾಡು ಎತ್ತಿದ.

ರಜಾಕಾರರ ಬೆಂಕಿಯ ನುಡಿ ಬಂದಾಗ ಮಂದಿ ಮುಂದಕ್ಕೆ ಬಾಗಿ ಕೂತರು. ಹರಗೋಲು ದಾಟುವ ನುಡಿಗೆ ಹಿಂದಿನ ಸಾಲಿನ ಹುಡುಗರು ಸಿಳ್ಳೆ ಹಾಕಿದರು. ಡೊಳ್ಳು ಏರಿತು. ಗೆಲುವು ನಮ್ಮ ಕೈಯಲ್ಲೇ ಇತ್ತು. ಮಾಮಾ ಆ ನುಡಿ ಮುಗಿಸಿ, ಸಾಕು ಎಂದು ಡೊಳ್ಳಿನವರಿಗೆ ಕೈ ಎತ್ತಿದ. ಡೊಳ್ಳು ನಿಂತಿತು.

ಹಿಮ್ಮೇಳ ನಿಲ್ಲಲಿಲ್ಲ.

ಕಾವೇರಿ ಕಿವಿಯ ಮೇಲೆ ಕೈ ಇಟ್ಟು ಸೇಡಿನ ನುಡಿ ಎತ್ತಿದಳು. ಮುಂದಿನವನು ಹಾಡದ ಸಾಲನ್ನು ಹಿಮ್ಮೇಳ ಹಾಡುವುದೆಂದರೆ ನಮ್ಮಲ್ಲಿ ಮಗಳು ತಂದೆಯ ಮಾತನ್ನು ಮಂದಿಯ ಮುಂದೆ ತುಂಡರಿಸಿದ ಹಾಗೆ. ಪಂಚರೊಬ್ಬರು ಅರ್ಧ ಎದ್ದರು. ಡೊಳ್ಳಿಲ್ಲದೆ, ತಾಳವಿಲ್ಲದೆ ಹಿಮ್ಮೇಳದ ಹೆಂಗಸರ ದನಿ ಮಾತ್ರ. ಮಾಮಾ ತಿರುಗಿ ಮಗಳನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟೇ ಇತ್ತು, ಇಲ್ಲ ಎನ್ನಲಾರೆ. ಕಾವೇರಿ ಅವನನ್ನು ನೋಡುತ್ತಲೇ ಹಾಡಿದಳು. ಸಾಲು ಮುಗಿಯಿತು, ಅದನ್ನು ಹಿಡಿಯುವವರು ಬೇಕಿತ್ತು. ಮಾಮಾ ಎರಡು ಹೆಜ್ಜೆ ಹಿಂದೆ ಸರಿದು ಹಿಮ್ಮೇಳದ ಸಾಲಿನಲ್ಲಿ ನಿಂತ. ಕಿವಿಯ ಮೇಲೆ ಕೈ ಇಟ್ಟ. ಮಗಳು ಬಿಟ್ಟ ಸಾಲನ್ನು ಹಿಡಿದು ಎತ್ತಿದ.

ಡೊಳ್ಳಿನವರಿಗೆ ಅಷ್ಟು ಸಾಕಾಯಿತು.

ಸೇಡಿನ ನುಡಿಗಳನ್ನು ನಾವು ಒಂದೂ ಬಿಡದೆ ಹಾಡಿದೆವು. ಯಾರೂ ಸಿಳ್ಳೆ ಹಾಕಲಿಲ್ಲ, ಯಾರೂ ಎದ್ದು ಹೋಗಲೂ ಇಲ್ಲ. ಕೊನೆಗೆ ಸವಾಲು ಹೋಗಿ ಎದುರಿನ ಮೇಳದ ಮುಂದೆ ಬಿತ್ತು. ಗುರಪ್ಪ ತನ್ನವರ ಕಡೆ ನೋಡಿದ, ಅವರು ತಲೆ ಅಲ್ಲಾಡಿಸಿದರು. ಪದ್ಧತಿಯಂತೆ ಅವನು ಎದ್ದು, ಗೊತ್ತಿಲ್ಲ, ನೀವೇ ಹೇಳ್ರಿ ಎಂದ.

ಮಾಮಾ ಮುಂದೆ ಬಂದ. “ನಮಗೂ ಗೊತ್ತಿಲ್ರಿ.”

“ಗೊತ್ತಿಲ್ಲದ್ದು ಯಾಕ ಕೇಳಿದ್ರಿ?”

“ಇಷ್ಟ ವರ್ಷ ಯಾರೂ ಕೇಳಿದ್ದಿಲ್ಲ, ಅದಕ್ಕ.” ಮಾಮಾ ಹೆಂಗಸರ ಸಾಲಿನ ಕಡೆ ಕೈ ತೋರಿಸಿದ. “ಅಂವನ ಮಗಳು ಅಲ್ಲಿ ಕುಂತಾಳ. ನಮ್ಮತ್ತಿ.”

ನನ್ನ ಒಂದು ಸಾಲಿನಿಂದ ಇಡೀ ಮೇಳದ ಮಾನ ಹೋಯಿತು ಎಂದೇ ಅಂದುಕೊಂಡೆ. ಗುರಪ್ಪ ಮೀಸೆ ನೀವುತ್ತ ಅತ್ತೆಯನ್ನು ನೋಡಿದ. ಬಗ್ಗಿ ತನ್ನ ಮೇಳದವರೊಡನೆ ಏನೋ ಮಾತಾಡಿದ. ನಂತರ ನೇರವಾಗಿ ನಿಂತ.

“ಹಂಗಾದ್ರ ನಾವೂ ಕೇಳ್ತೇವಿ” ಎಂದ.

ಎದುರಿನ ಮೇಳದ ಸವಾಲನ್ನು ಇನ್ನೊಂದು ಮೇಳ ಬಾಯಿಗೆ ತೆಗೆದುಕೊಂಡದ್ದನ್ನು ನಾನು ಎಲ್ಲೂ ಕೇಳಿಲ್ಲ. ಗುರಪ್ಪನ ದನಿ ದೊಡ್ಡದು, ಅವನ ಹಿಮ್ಮೇಳದ್ದು ಇನ್ನೂ ದೊಡ್ಡದು. ಎಲ್ಲಾರನು ದಾಟಿಸಿದಾಂವ ದಂಡೀಗಿ ನಿಂತಾಗ. ಅವರು ಬಿಟ್ಟದ್ದನ್ನು ನಮ್ಮವರು ಹಿಡಿದರು. ಪಕ್ಕದಲ್ಲಿ ಸೋತು ಕೂತಿದ್ದ ಮುದ್ದೇಬಿಹಾಳದವರು ಡೊಳ್ಳು ಕೊರಳಿಗೆ ಹಾಕಿಕೊಂಡು ಎದ್ದರು, ಅವರ ಹಿಂದೆ ಸಿಂದಗಿಯವರು. ಪಲ್ಲವಿಗೆ ಬಂದಾಗ ಮಂದಿಯೂ ಹಾಡುತ್ತಿದ್ದರು. ನಿಯಾಜಸಾಬ, ನಿಯಾಜಸಾಬ ಎಂದು ಆ ಹೆಸರು ಶಾಮಿಯಾನದ ಬಟ್ಟೆಗೆ ಬಡಿದು ತಿರುಗಿ ಬರುತ್ತಿತ್ತು. ಸಿಳ್ಳೆ ಹಾಕಿದ್ದ ಹುಡುಗರ ಬಾಯಲ್ಲೂ ಅದೇ.

ಅತ್ತೆ ಎದ್ದು ನಿಂತಳು. ಕೂಡ್ರಬೇ ಅವ್ವಾ, ಹಿಂದಿನವರಿಗೆ ಕಾಣಂಗಿಲ್ಲ ಎಂದು ಯಾರೋ ಅಂದರು.

“ಇಷ್ಟ ವರ್ಷ ಕುಂತೇನಿ” ಅಂದಳು ಅತ್ತೆ. “ಈಗ ನಿಂದರ್ತೇನಿ.”

ಹಾಡು ಮುಗಿಯುವ ತನಕ ಅವಳು ಕೂರಲಿಲ್ಲ. ಅವಳ ಹಿಂದಿನವರು ಬೈಯುವುದನ್ನು ಬಿಟ್ಟು ತಾವೂ ಎದ್ದರು.

ಪಂಚರು ಕಟ್ಟಳೆ ಬಿಡಲಿಲ್ಲ, ಬಿಡಲೂಬಾರದು. ಜವಾಬಿಲ್ಲದ ಸವಾಲು ಹಾಕಿದ ಝಳಕಿ ಮೇಳ ಸೋತಿದೆ ಎಂದು ಸಾರಿ ಗುರಪ್ಪನ ಹೆಗಲಿಗೆ ಕಂಬಳಿ ಹೊದಿಸಿದರು. ಅವನೂ ದೊಡ್ಡಸ್ತಿಕೆ ತೋರಿಸಲು ಹೋಗದೆ ಅದನ್ನು ಚೆನ್ನಾಗಿ ಸುತ್ತಿಕೊಂಡ. ನಮ್ಮ ಜೀಪಿನ ಹತ್ತಿರ ಬಂದು ಮಾಮಾನ ಮುಖವನ್ನೇ ನೋಡಿ, “ಮಾಳಿಂಗರಾಯ, ಸೋತವರ ಮಾರಿ ಹಿಂಗ ಇರ್ತೈತೇನು?” ಎಂದ. ಮಾಮಾ ಹಲ್ಲು ಕಾಣುವಷ್ಟು ನಗುತ್ತಿದ್ದ. ಆಮೇಲೆ ಅವನು ಕಾವೇರಿಯನ್ನು ಮುಂದಿನ ಸೀಟಿಗೆ ಕಳಿಸಿ ತಾನು ಹಿಂದೆ ಡೊಳ್ಳುಗಳ ಜೊತೆ ಕೂತ. ಝಳಕಿ ಬರುವ ತನಕ ಮುಂದಿನಿಂದ ಅವಳು ಸಾಲು ಬಿಡುತ್ತಿದ್ದಳು, ಹಿಂದಿನಿಂದ ಅವನು ಹಿಡಿಯುತ್ತಿದ್ದ.

ಈಗ ಆ ಹಾಡನ್ನು ಬೇರೆ ಮೇಳದವರೂ ಹಾಡುತ್ತಾರೆ. ಮುದ್ದೇಬಿಹಾಳದ ಕಡೆ ಒಂದು ನುಡಿ ಹೆಚ್ಚು ಸೇರಿಸಿದ್ದಾರಂತೆ, ಅದು ನನ್ನದಕ್ಕಿಂತ ಚೆನ್ನಾಗಿದೆಯಂತೆ. ಸವಾಲನ್ನು ಮಾತ್ರ ಯಾರೂ ಬಿಡುವುದಿಲ್ಲ. ಹಾಡು ಕೇಳಿದವರು ಹೊಳೆಯ ಆಚೆಯಿಂದ ಅತ್ತೆಯ ಅಂಗಡಿಗೆ ಬಂದು ಕೂತು ಹೋಗುತ್ತಾರೆ. ನಿಯಾಜಸಾಬ ಹೈದರಾಬಾದಿಗೆ ಹೋಗಿ ಬಹಳ ವರ್ಷ ಬದುಕಿದ್ದ ಎಂದು ಒಬ್ಬರು ಹೇಳಿದರು. ಅವನ ಹರಗೋಲು ಬೋರಲಾಗಿ ತೇಲಿ ಬಂದದ್ದನ್ನು ತನ್ನಪ್ಪ ಕಂಡಿದ್ದ ಎಂದು ಇನ್ನೊಬ್ಬರು ಹೇಳಿದರು. ಎರಡೂ ನಿಜವಿರಲಿಕ್ಕಿಲ್ಲ. ಯಾವುದು ಸುಳ್ಳು ಎಂದು ಹೇಳುವ ಧೈರ್ಯ ನನಗಿಲ್ಲ.

ಅವತ್ತು ನಿನ್ನನ್ನು ದಾಟಿಸಿದವರು ಯಾರು ಎಂದು ನಾನು ಒಮ್ಮೆ ಅತ್ತೆಯನ್ನೇ ಕೇಳಿದೆ. ಹರಗೋಲಿನಲ್ಲಿ ಒಬ್ಬ ಗಂಡಸು ಇದ್ದ, ದಾರಿಯುದ್ದ ಮಾತಾಡಲಿಲ್ಲ, ಮುಖ ನೆನಪಿಲ್ಲ ಅಂದಳು. ಅವನು ಅವಳ ಅಪ್ಪನೇ ಇದ್ದನೋ, ಅಪ್ಪ ದಾಟಿಸಿದವರಲ್ಲೇ ಒಬ್ಬನಿದ್ದನೋ ಅವಳಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.