ಪೆನ್ಸಿಲ್ಲಿನ ಷರಾ

ಕಿಟಕಿಯ ಸರಳುಗಳ ನಡುವೆ ತೂರಿಸಿದ ಕೈ ಮೊಣಕೈವರೆಗೆ ಹೋಗಿ ಸಿಕ್ಕಿಕೊಂಡಿತು. ಮೇಜಿನ ಮೇಲಿದ್ದ ನೋಟ್‌ಬುಕ್ಕುಗಳ ಕಟ್ಟು ಇನ್ನೂ ಒಂದು ಗೇಣು ದೂರ. ದೇವಿರಮ್ಮ ತುದಿಗಾಲಲ್ಲಿ ನಿಂತು, ಹೆಗಲನ್ನು ಸರಳಿಗೆ ಒತ್ತಿ ಬೆರಳು ಚಾಚಿದಳು. ಮೇಲಿನಿಂದ ಮೂರನೆಯದು ಅವಳದು. ನೀಲಿ ರಟ್ಟು, ಮೂಲೆಯಲ್ಲಿ ಅರಿಶಿನದ ಕಲೆ. ಬಳೆ ಸರಳಿಗೆ ತಾಗಿ ಸದ್ದಾಯಿತು.

"ಏನ್ರೀ ಅದು?"

ಹಿಂದೆ ಷಡಕ್ಷರಿಯವರು ನಿಂತಿದ್ದರು. ಶಾಲೆಗಳ ಇನ್‌ಸ್ಪೆಕ್ಟರು, ಬೇಸಿಗೆ ತರಬೇತಿ ಶಿಬಿರದ ಮುಖ್ಯಸ್ಥರು. ಕೈಯಲ್ಲಿ ಹೂವಿನ ಹಾರ, ಕಂಕುಳಲ್ಲಿ ಫೈಲು. ಸಾವಿನ ಮನೆಗೂ ಫೈಲು ಬಿಟ್ಟು ಬರಲಾರದ ಮನುಷ್ಯ.

"ನನ್ನ ಪುಸ್ತಕ ಸಾರ್."

"ನಿಮ್ಮ ಪುಸ್ತಕಾನ ಕಿಟಕಿಯಿಂದ ತಗೋತೀರಾ?"

"ಬಾಗ್ಲು ಹಾಕವ್ರೆ ಸಾರ್."

ಬಾಗಿಲು ಹಾಕಿದ್ದು ನಿಜ. ಆ ಕೋಣೆಯಲ್ಲೇ, ಆ ಮೇಜಿಗೇ ತಲೆಯಿಟ್ಟು, ಬೆಳಗ್ಗೆ ಆರೂವರೆಗೆ, ಶಿಬಿರದಲ್ಲಿ ಕಲಿಸುತ್ತಿದ್ದ ನಂಜುಂಡಯ್ಯ ಮೇಷ್ಟ್ರ ಜೀವ ಹೋಗಿತ್ತು. ಹೆಂಡತಿ ಶಾರದಮ್ಮ ಕಾಫಿ ತಂದು ಎರಡು ಸಲ ಕರೆದು, ಮೂರನೆಯ ಸಲ ಹೆಗಲು ಮುಟ್ಟಿದಾಗ ಗೊತ್ತಾಯಿತು. ದೇಹವನ್ನು ನಡುಮನೆಗೆ ತಂದು ಮಲಗಿಸಿದ ಮೇಲೆ, ಜೀವ ಹೋದ ಕೋಣೆಗೆ ಮನೆ ತೊಳೆಯುವವರೆಗೂ ಯಾರೂ ಕಾಲಿಡಕೂಡದೆಂದು ಪಕ್ಕದ ಮನೆಯ ಅಜ್ಜಿ ದೀಪ ಹಚ್ಚಿಟ್ಟು ಬಾಗಿಲೆಳೆದಿದ್ದರು. ಮಕ್ಕಳಿಲ್ಲದ ಮೇಷ್ಟ್ರಿಗೆ ಕೊಳ್ಳಿ ಇಡಬೇಕಾದವನು ತಮ್ಮ ಪುಟ್ಟಣ್ಣ. ಅವನು ನಂಜನಗೂಡಿನಿಂದ ಬರಬೇಕು. ಅಲ್ಲಿಯವರೆಗೆ ಕೃಷ್ಣಮೂರ್ತಿಪುರಂನ ಆ ಪುಟ್ಟ ಮನೆಯ ಮುಂದೆ ಚಟ್ಟ ಕಟ್ಟಿಟ್ಟುಕೊಂಡು ಎಲ್ಲರೂ ಕಾಯುತ್ತಿದ್ದರು.

ದೇವಿರಮ್ಮನಿಗೆ ಕಾಯುವಷ್ಟು ಹೊತ್ತಿರಲಿಲ್ಲ. ಇವತ್ತು ಶಿಬಿರದ ಕೊನೆಯ ದಿನ. ತೇರ್ಗಡೆಯಾದವರ ಪಟ್ಟಿ ನಾಲ್ಕು ಗಂಟೆಗೆ ಇಲಾಖೆಗೆ ಹೋಗುತ್ತದೆ. ಪಟ್ಟಿಯಲ್ಲಿದ್ದ, ಅವಳಂಥ ಹಂಗಾಮಿ ಉಪಾಧ್ಯಾಯರಿಗೆ ಜೂನ್ ಒಂದರಿಂದ ಕೆಲಸ ಖಾಯಂ. ಇಲ್ಲದವರು ಮನೆಗೆ. ಗಂಡ ಬಿಟ್ಟುಹೋಗಿ ಐದು ವರ್ಷವಾದ ದೇವಿರಮ್ಮನಿಗೆ ಮನೆಯೆಂದರೆ ಕಣ್ಣು ಕಾಣದ ತಾಯಿ ಮತ್ತು ಏಳು ವರ್ಷದ ಮಗಳು. ಮೂವರ ಅನ್ನವೂ ಆ ಕೆಲಸದಿಂದಲೇ ಹುಟ್ಟಬೇಕು.

"ಆ ಪುಸ್ತಕ ತಗೊಂಡು ಏನು ಮಾಡೋರಿದ್ರಿ?" ಎಂದರು ಷಡಕ್ಷರಿ.

ಅವಳು ಸೆರಗಿನ ತುದಿಯನ್ನು ಮುಷ್ಟಿಯೊಳಗೆ ಬಿಗಿಹಿಡಿದಳು. ಅಲ್ಲಿ ಒಂದು ರಬ್ಬರು ಗಂಟು ಹಾಕಿಕೊಂಡಿತ್ತು.

*

ಸಂಜೆ ಪೆನ್ಸಿಲ್ಲಿನಲ್ಲಿ ಷರಾ, ಬೆಳಗ್ಗೆ ಅದರ ಪಕ್ಕದಲ್ಲಿ ಶಾಯಿಯಲ್ಲಿ. ಇದು ನಂಜುಂಡಯ್ಯನವರ ಪದ್ಧತಿ. ಶಾಯಿಯದೇ ಕೊನೆಯ ಮಾತು.

ನಲವತ್ತೊಂಬತ್ತನೇ ಇಸವಿಯಲ್ಲಿ, ಮೊದಲ ಶಿಬಿರದಲ್ಲಿ, ಸಂಜೆಯ ಸಿಟ್ಟಿನಲ್ಲಿ ಅವರು ಹಳ್ಳಿಯ ಮೇಷ್ಟ್ರೊಬ್ಬರ ಪುಸ್ತಕದ ಮೇಲೆ ಶಾಯಿಯಲ್ಲೇ 'ಅಯೋಗ್ಯ' ಎಂದು ಬರೆದುಬಿಟ್ಟಿದ್ದರು. ಬೆಳಗ್ಗೆ ಸಿಟ್ಟಿಳಿದು, ತಿದ್ದೋಣವೆಂದು ಹುಡುಕಿದರೆ ಆತ ಮೊದಲ ಬಸ್ಸಿಗೇ ಊರು ಬಿಟ್ಟಿದ್ದ. ಮತ್ತೆ ಸಿಗಲೇ ಇಲ್ಲ. ಅಂದಿನಿಂದ ಹತ್ತು ಬೇಸಿಗೆ ಅವರ ಕಿವಿಯ ಮೇಲೊಂದು ಪೆನ್ಸಿಲ್ಲು. ಉಳಿದ ಮೇಷ್ಟ್ರುಗಳು ರಜೆಯಲ್ಲಿ ಮಾವನ ಮನೆಯ ಹೋಳಿಗೆ ತಿನ್ನುತ್ತಿದ್ದರೆ ಇವರು ಶಿಬಿರದ ಬೆಂಚಿನ ಮೇಲೆ ಕುಳಿತು, ಊರೂರಿನಿಂದ ಬಂದವರು ಸ್ವಂತ ಕೈಯಿಂದ ಪಾಠ ಬರೆದು ಸ್ವಂತ ಬಾಯಿಂದ ಕಲಿಸುವಂತೆ ಮಾಡಲು ಹೆಣಗುತ್ತಿದ್ದರು. ಇದಕ್ಕಾಗಿ ಅವರಿಗೆ ಯಾರೂ ಶಾಲು ಹೊದಿಸಲಿಲ್ಲ. ಅವರೂ ಅದಕ್ಕೆ ಕಾದಿರಲಿಲ್ಲ.

ನಿನ್ನೆ ಸಂಜೆ ದೇವಿರಮ್ಮ 'ಸಮುದ್ರ' ಎಂಬ ಪಾಠ ಮಾಡಿದ್ದಳು. ಒಂದೇ ಉಸಿರಿಗೆ ಒಪ್ಪಿಸಿ ನಿಂತಳು.

"ಸಮುದ್ರ ನೋಡಿದ್ದೀರಾ?" ಎಂದು ಮೇಷ್ಟ್ರು ಕೇಳಿದರು.

"ಇಲ್ಲ ಸಾರ್."

"ನಿಮ್ಮ ಮಕ್ಕಳು?"

"ಕೆರೆ ನೋಡವ್ರೆ ಸಾರ್."

"ಮತ್ತೆ ಇದನ್ನ ಯಾಕೆ ಬರೆದ್ರಿ?"

"ಪುಸ್ತಕದಾಗೆ ಚೆನ್ನಾಗಿತ್ತು ಸಾರ್."

ಮೇಷ್ಟ್ರು ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು 'ಸಾಲದು' ಎಂದು ಬರೆದರು. ದೇವಿರಮ್ಮನ ಕಣ್ಣು ತುಂಬಿತು. ಮೇಷ್ಟ್ರಿಗೆ ಅದು ಕಂಡಿತು.

"ಮಧ್ಯಾಹ್ನ ಊಟದ ಪಂಕ್ತೀಲಿ ಅದೇನೋ ಕರು ಕತೆ ಹೇಳ್ತಿದ್ರಲ್ಲ? ಎದುರು ಸಾಲಲ್ಲಿ ಕೂತಿದ್ದ ನನಗೆ ನಗು ಬಂದು ಸಾರು ನೆತ್ತಿಗೇರ್ತು. ಅದನ್ನ ಪಾಠ ಮಾಡಿ."

"ಅಯ್ಯೋ ಸಾರ್! ಅದು ಇನ್‌ಸ್ಪೆಕ್ಟರ್ ಸಾಯೇಬ್ರ ಕಿವಿಗೆ ಬಿದ್ರೆ ನನ್ನ ಕೆಲ್ಸ ಓಯ್ತದೆ."

"ನಾನಿದೀನಲ್ಲ. ನಾಳೆ ಎಂಟು ಗಂಟೆಗೆ ಬಂದು ಪಾಠ ಮಾಡಿ. ಆಮೇಲೆ ಶಾಯಿ."

ನೋಟ್‌ಬುಕ್ಕು ಮೇಷ್ಟ್ರ ಬಳಿಯೇ ಉಳಿಯಿತು. 'ನಾನಿದೀನಲ್ಲ' ಎಂಬ ಒಂದು ಮಾತನ್ನು ನಂಬಿ ದೇವಿರಮ್ಮ ಕರುವಿನ ಪಾಠವನ್ನು ಬಾಯಲ್ಲೇ ಕಟ್ಟಿಕೊಂಡಳು. ಬೆಳಗ್ಗೆ ಎಂಟಕ್ಕೆ ಹತ್ತು ನಿಮಿಷವಿರುವಾಗಲೇ ಶಿಬಿರದ ಬಾಗಿಲಲ್ಲಿ ನಿಂತಿದ್ದಳು. ಎಂಟಕ್ಕೆ ಸುದ್ದಿ ಬಂತು.

*

ಮಾತು ಜೋರಾದದ್ದು ಕೇಳಿ ಶಾರದಮ್ಮ ಜಗಲಿಗೆ ಬಂದರು. ಅತ್ತು ಅತ್ತು ಕೆಂಪಾದ ಕಣ್ಣು, ಆದರೆ ದನಿ ಗಟ್ಟಿಯಾಗಿತ್ತು. "ಏನಾಯ್ತು ಷಡಕ್ಷರಿಯವರೇ?"

ಷಡಕ್ಷರಿ ಮುಜುಗರದಿಂದಲೇ ಹೇಳಿದರು. ಶಾರದಮ್ಮ ಒಳಗೆ ಹೋದರು. ಅಜ್ಜಿ ಬೇಡವೆಂದು ಕೈ ಹಿಡಿದರೂ ಬಿಡಿಸಿಕೊಂಡು ಕೋಣೆಯ ಬಾಗಿಲು ತೆಗೆದು, ನೋಟ್‌ಬುಕ್ಕುಗಳ ಕಟ್ಟನ್ನೂ ಮೇಷ್ಟ್ರ ಪೆನ್ನನ್ನೂ ತಂದು ಜಗಲಿಯ ಮೇಲಿಟ್ಟರು.

ಷಡಕ್ಷರಿ ನೀಲಿ ರಟ್ಟಿನದನ್ನು ತೆರೆದರು. "ನೋಡಿ. ಸಾಲದು ಅಂತಿದೆ. ಶಾಯಿ ಬಿದ್ದಿಲ್ಲ. ನನ್ನ ಕೈಲೇನಿದೆ ಹೇಳಿ?" ಅವರೇನೂ ಕೆಟ್ಟವರಲ್ಲ. ಕಾಗದದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲವೆಂದು ನಂಬಿ ಬಾಳಿದವರು, ಅಷ್ಟೆ.

ದೇವಿರಮ್ಮ ಸೆರಗಿನ ಗಂಟು ಬಿಚ್ಚಿ ರಬ್ಬರನ್ನು ಜಗಲಿಯ ಮೇಲಿಟ್ಟಳು. "ಅಳ್ಸಾಕೇ ಬಂದಿದ್ದೆ ಅಮ್ಮೋರೆ. ಸುಳ್ಳೇಳಲ್ಲ. ಅವರು ಎಂಟಕ್ಕೆ ಬಾ ಅಂದಿದ್ರು. ನಾನು ಬಂದಿದ್ದೆ. ಅವರೇ..."

ಶಾರದಮ್ಮ ಅವಳನ್ನೇ ನೋಡಿದರು. "ನೀನೇನಮ್ಮ ಅದು? ಎಂಟು ಗಂಟೆ ಪಾಠದೋಳು?"

"ಹೂಂ ಅಮ್ಮೋರೆ."

"'ಬೇಗ ಎಬ್ಬಿಸು ಶಾರದಾ, ನಾಳೆ ಒಂದೊಳ್ಳೇ ಪಾಠ ಕೇಳೋದಿದೆ' ಅಂದಿದ್ರು ರಾತ್ರಿ. ಎಬ್ಬಿಸಿದೆ. ದಿನದ ಹಾಗೆ ಪೆನ್ನಿಗೆ ಶಾಯಿ ತುಂಬಿಸಿಟ್ಟೆ." ಅವರು ಷಡಕ್ಷರಿಯ ಕಡೆ ತಿರುಗಿದರು. "ಹತ್ತು ಬೇಸಿಗೆ ನಿಮ್ಮ ಶಿಬಿರಕ್ಕೆ ಕೊಟ್ಟಿದೀನಿ. ಒಂದು ಸಲಾನೂ ಇಬ್ರೂ ಒಟ್ಟಿಗೆ ನನ್ನ ತವರಿಗೆ ಹೋಗ್ಲಿಲ್ಲ. ಹೊಟ್ಟೆ ಉರೀತಿತ್ತು ಕಣ್ರೀ ನನಗೆ. ಇವತ್ತು ಒಂದು ಕೇಳ್ತೀನಿ. ಪುಟ್ಟಣ್ಣ ಬರೋವರೆಗೆ ಹೊತ್ತಿದೆ. ಆ ಪಾಠ ಇಲ್ಲೇ ನಡೀಲಿ."

"ಇಲ್ಲೇನಾ? ಹೆಣದ ಮುಂದೆ?"

"ಕೇಳ್ತೀನಿ ಅಂದೋರು ಇಲ್ಲೇ ಇದಾರಲ್ಲ."

ಷಡಕ್ಷರಿ ಒಳಗೆ ಮಲಗಿದ್ದ ಮೇಷ್ಟ್ರ ಕಡೆ ನೋಡಿ, ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯ ಮೇಲೆ ಕುಳಿತರು.

ಬೀದಿಯ ಹತ್ತು ಹನ್ನೆರಡು ಮಕ್ಕಳು ಕಾಂಪೌಂಡಿನ ಹೊರಗೆ ಹೊಂಗೆಮರದ ನೆರಳಲ್ಲಿ ನಿಂತು ಚಟ್ಟವನ್ನೇ ನೋಡುತ್ತಿದ್ದವು. ದೇವಿರಮ್ಮ ಅವರನ್ನು ಒಳಗೆ ಕರೆದು ಅಂಗಳದಲ್ಲಿ ಕೂರಿಸಿದಳು. ಕರುವಿನ ಪಾಠ ಹೇಳಿದರೆ ನಾನೇ ಸಿಕ್ಕಿಬೀಳುತ್ತೇನೆ. ಸಮುದ್ರದ ಪಾಠ ಹೇಳಿದರೆ ಸಾಲದು. ಒಮ್ಮೆ ನಡುಮನೆಯ ಕಡೆ ನೋಡಿದಳು. ಅಲ್ಲಿಂದ 'ನಾನಿದೀನಲ್ಲ' ಎನ್ನುವವರು ಇರಲಿಲ್ಲ.

"ನಮ್ಮ ಇಸ್ಕೂಲು ಮಾರಿಗುಡಿ ಜಗುಲಿ ಮ್ಯಾಲೆ ಕಣ್ರಪ್ಪ," ಎಂದು ಶುರುಮಾಡಿದಳು. "ಒಂದಿನ ಬಸಮ್ಮನ ಮನೆ ಕರು ಅಗ್ಗ ಕಿತ್ಕೊಂಡು ನೇರ ಇಸ್ಕೂಲಿಗೇ ಬಂತು. ಬಂದದ್ದು ಸುಮ್ನೆ ಕೂತ್ಕೊಂತಾ? ನಾನು ಬೋರ್ಡ್ ಕಡೆ ತಿರುಗಿದ್ದೆ. ತಿರುಗಿ ನೋಡೋ ಒತ್ಗೆ..." ಅವಳು ಷಡಕ್ಷರಿಯವರ ಮುಖ ನೋಡಿದಳು. "ತಿರುಗಿ ನೋಡೋ ಒತ್ಗೆ ಹಾಜರಿ ಪುಸ್ತಕ ಅದರ ಬಾಯಲ್ಲಿತ್ತು."

ಷಡಕ್ಷರಿಯವರ ಬೆನ್ನು ನೆಟ್ಟಗಾಯಿತು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವು.

"ಎಳೆದೆ. ಅದೂ ಎಳೀತು. ಕೊನೆಗೆ ನಂಗರ್ಧ, ಅದಕ್ಕರ್ಧ. ಪುಸ್ತಕದಲ್ಲಿ ಇಪ್ಪತ್ಮೂರು ಹೆಸರಿತ್ತು. ಉಳಿದದ್ದು ಎಂಟು. ನಮ್ಮ ಚೆಲುವ ಎದ್ದು ನಿಂತು ಅಳೋಕೆ ಶುರುಮಾಡ್ದ. ಯಾಕ್ಲಾ ಅಂದ್ರೆ, 'ಮಿಸ್ಸೇ, ನನ್ನ ಎಸ್ರು ಅದ್ರ ಒಟ್ಟೇಲದೆ. ನಾನೀಗ ಇಸ್ಕೂಲಿಗೆ ಬಂದಿವ್ನಾ ಇಲ್ವಾ?' ಅಂದ."

ಮೊದಲು ಒಂದು ಹುಡುಗಿ ಕಿಸಕ್ಕೆಂದಳು. ಆಮೇಲೆ ತಡೆಯಲಾಗಲಿಲ್ಲ. ಸಾವಿನ ಮನೆಯ ಅಂಗಳದ ತುಂಬ ನಗು.

"ಈಗ ಹೇಳಿ. ಕರು ಹೊಟ್ಟೇಲಿ ಎಷ್ಟು ಜನ ಅವ್ರೆ?"

ಬೆರಳುಗಳು ಮಡಚಿದವು, ಬಿಚ್ಚಿದವು. "ಹದಿನೈದು!" ಎಂದು ಎಲ್ಲರೂ ಒಟ್ಟಿಗೇ ಕೂಗಿದರು.

ಆ ಕೂಗಿಗೆ ಸರಿಯಾಗಿ ಜಟಕಾಗಾಡಿ ಬಂದು ನಿಂತಿತು. ಪುಟ್ಟಣ್ಣ ಧಡಧಡನೆ ಇಳಿದು ಬಂದವನು ಬಾಗಿಲಲ್ಲೇ ನಿಂತ. ಅವನ ಮುಖ ಕಪ್ಪಿಟ್ಟಿತು.

"ಏನತ್ತಿಗೆ ಇದು! ನಮ್ಮಣ್ಣ ಸತ್ತು ಮಲಗಿದಾನೆ, ಇಲ್ಲಿ ನಗ್ತಾ ಕೂತಿದೀರಾ? ಎಬ್ಬಿಸಿ ಈ ಮಕ್ಕಳನ್ನ!"

"ಒಂದು ನಿಮಿಷ ಇರು ಪುಟ್ಟಣ್ಣ," ಎಂದರು ಶಾರದಮ್ಮ. "ನಿಮ್ಮಣ್ಣನ ಕ್ಲಾಸು. ಇನ್ನೂ ಬಿಟ್ಟಿಲ್ಲ."

ಪುಟ್ಟಣ್ಣ ಅಲ್ಲೇ ಕುಸಿದು ಕುಳಿತು ಮುಖ ಮುಚ್ಚಿಕೊಂಡು ಅತ್ತ.

ಷಡಕ್ಷರಿ ಎದ್ದು ದೇವಿರಮ್ಮನ ಮುಂದೆ ಬಂದು ನಿಂತರು. "ಇದು ಯಾವಾಗ ನಡೆದದ್ದು?"

"ಹೋದ ವರ್ಷ ದಸರಾ ಆದ್ಮೇಲೆ ಸಾರ್."

"ಮತ್ತೆ ಜನವರಿ ತಪಾಸಣೇಲಿ ನನಗೆ ತೋರಿಸಿದ ಪುಸ್ತಕ?"

"ನಾನೇ ಹೊಸದಾಗಿ ಬರೆದದ್ದು ಸಾರ್. ಯಾವ ದಿನ ಯಾರು ಬಂದಿದ್ರು, ಯಾರು ಬರ್ಲಿಲ್ಲ ಅಂತ ಮಕ್ಕಳನ್ನೇ ಕೇಳಿ ಕೇಳಿ."

"ಬಹಳ ಚೊಕ್ಕಟವಾಗಿದೆ ಅಂತ ನಾನು ಷರಾ ಹಾಕಿದ್ದೆ."

"ಹೂಂ ಸಾರ್. ಶಾಯಿಯಲ್ಲಿ."

ದೇವಿರಮ್ಮನ ಕಣ್ಣ ಮುಂದೆ ಅವ್ವನೂ ಮಗಳೂ ಬಂದುಹೋದರು. ಎಲ್ಲ ಮುಗಿಯಿತು ಎಂದುಕೊಂಡಳು.

"ಕರುಗೆ ಏನಾಯ್ತು?" ಎಂದು ಷಡಕ್ಷರಿ ಕೇಳಿದರು.

"ಚೆನ್ನಾಗದೆ ಸಾರ್. ಈಗ್ಲೂ ಬತ್ತದೆ. ಪುಸ್ತಕ ಎತ್ತಿಟ್ಕೋತೀನಿ."

ಅವರ ತುಟಿಯ ಮೂಲೆ ಅಲುಗಿತು. ಜಗಲಿಗೆ ಹಿಂತಿರುಗಿ ನೀಲಿ ನೋಟ್‌ಬುಕ್ಕನ್ನು ತೆರೆದಿಟ್ಟುಕೊಂಡರು. ಪಕ್ಕದಲ್ಲಿದ್ದ ರಬ್ಬರು ತೆಗೆದು ಪೆನ್ಸಿಲ್ಲಿನ ಅಕ್ಷರದ ಹತ್ತಿರ ಒಯ್ದರು.

"ಅಳಿಸಬೇಡಿ," ಎಂದರು ಶಾರದಮ್ಮ. "ಅವರು ಅಳಿಸ್ತಿರಲಿಲ್ಲ. ಪಕ್ಕದಲ್ಲಿ ಬರೀತಿದ್ರು."

ಷಡಕ್ಷರಿ ರಬ್ಬರು ಕೆಳಗಿಟ್ಟರು. ಮೇಷ್ಟ್ರ ಪೆನ್ನಿನ ಟೋಪಿ ಬಿಚ್ಚಿದರು. ಬೆಳಗ್ಗೆ ತುಂಬಿಸಿದ ಶಾಯಿ ಧಾರಾಳವಾಗಿಯೇ ಇಳಿಯಿತು. 'ಪಾಠ ನೋಡಲಾಯಿತು. ಯೋಗ್ಯ' ಎಂದು ಬರೆದು, ಕೆಳಗೆ ಸಹಿ ಮಾಡಿ, ಪುಸ್ತಕವನ್ನು ಮಡಚದೆ ಹಾಗೇ ಅವಳ ಕೈಗೆ ಕೊಟ್ಟರು. "ಒಣಗಿದ ಮೇಲೆ ತನ್ನಿ. ನಾಲ್ಕರೊಳಗೆ."

ಚಟ್ಟ ಎತ್ತಿದರು. ಪುಟ್ಟಣ್ಣ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಶಾರದಮ್ಮ ಬಾಗಿಲ ಕಂಬ ಹಿಡಿದು ಬಿಕ್ಕಿದರು. ಜಗಲಿಯ ಮೇಲಿದ್ದವರು, ಅಂಗಳದಲ್ಲಿದ್ದವರು, ಆ ಹತ್ತು ಹನ್ನೆರಡು ಮಕ್ಕಳು, ಎಲ್ಲರೂ ಎದ್ದು ಕೈಮುಗಿದರು.

ದೇವಿರಮ್ಮನೊಬ್ಬಳೇ ಮುಗಿಯಲಿಲ್ಲ. ಮೇಷ್ಟ್ರು ಅವಳೆದುರೇ ಹಾದುಹೋಗುತ್ತಿದ್ದರು. ಅವಳು ತೆರೆದ ಪುಸ್ತಕವನ್ನು ಎರಡು ಅಂಗೈಗಳ ಮೇಲೂ ಹಿಡಿದು, ಕಣ್ಣೀರು ಹಾಳೆಯ ಮೇಲೆ ಬೀಳದಂತೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ನಿಂತಿದ್ದಳು. ಶಾಯಿ ಇನ್ನೂ ಹಸಿಯಾಗಿತ್ತು.