ಮಮದಾಪುರದ ಅರವತ್ತನಾಲ್ಕು ನಡುಗಳು

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲೂಕುಗಳಲ್ಲಿ ನಾನು ನಡು ಅಳೆಯದ ಜೀವಿ ಒಂದೂ ಉಳಿದಿಲ್ಲ. ಹತ್ತೊಂಬತ್ತು ದಿನಗಳಲ್ಲಿ ಒಂದು ಲಕ್ಷದ ಹನ್ನೊಂದು ಸಾವಿರ ಜನರನ್ನು ಒಂದೇ ಟೇಪಿನಲ್ಲಿ ಅಳೆದು ಮುಗಿಸಿದೆ. ಇನ್ನೂ ಹೊತ್ತು ಮಿಕ್ಕಿತ್ತೆಂದು ದಡ್ಡಿಯ ಹತ್ತಿರ ನೀರಿಗಿಳಿದು ಘಟಪ್ರಭೆಯ ನಡುವನ್ನೂ ಅಳೆದು ಬಂದೆ. ಬೇಸಿಗೆಯಾದ್ದರಿಂದ ಮೂವತ್ತೆರಡು ಇಂಚು ಬಂತು. ಮಳೆಗಾಲದಲ್ಲಿ ಆಕೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ನಂಬದವರು ಲೆಕ್ಕದಿಂದ ಎರಡು ಸೊನ್ನೆ ತೆಗೆದುಹಾಕಲಿ, ನನ್ನ ಅಭ್ಯಂತರವಿಲ್ಲ. ದಣಿವನ್ನು ಮಾತ್ರ ಪೂರ್ತಿ ನಂಬಬೇಕು. ನನ್ನ ಹೆಸರು ಮಾಲಿಂಗ. ಸಕ್ಕರೆ ಕಾಯಿಲೆಯ ಬಗ್ಗೆ ಅಧ್ಯಯನ ಮಾಡುವವರ ಕೈಕೆಳಗೆ ಮನೆಮನೆ ತಿರುಗಿ ಹಾಳೆ ತುಂಬುವ ಕೆಲಸ ನನ್ನದು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನನ್ನ ಚಪ್ಪಲಿಯ ಅಟ್ಟೆ ಎಷ್ಟು ಸವೆದಿತ್ತೆಂದರೆ, ನೆಲದ ಮೇಲೆ ಬಿದ್ದ ನಾಣ್ಯ ಕಾಲಲ್ಲೇ ಗೊತ್ತಾಗುತ್ತಿತ್ತು, ಒಂದು ರೂಪಾಯಿಯದೋ ಎರಡರದೋ ಎಂದು.

ಕೆಲಸಕ್ಕೆ ಮೊದಲು ಮೂಡಲಗಿಯ ಒಂದು ಶಾಲೆಯ ಕೋಣೆಯಲ್ಲಿ ಎರಡು ದಿನ ತರಬೇತಿ ಇತ್ತು. ಪಾಠ ಹೇಳಿದವರು ಡಾಕ್ಟರ್ ಅನುರಾಧಾ, ಈ ಅಧ್ಯಯನದ ಮುಖ್ಯಸ್ಥೆ, ಧಾರವಾಡದ ಕಡೆಯವರು. ಆಗಲೇ ಅವರ ಕಣ್ಣ ಕೆಳಗೆ ಕಪ್ಪಾಗಿತ್ತು.

"ಮನುಷ್ಯಾರಿಂದ ಮನುಷ್ಯಾರಿಗೆ ಬದಲಾಗೂದಕ್ಕೆಲ್ಲಾ ಚಲಕ ಅಂತಾರ," ಎಂದರು. "ಊರು, ಉದ್ಯೋಗ ಇವು ಬರೇ ಹೆಸರಿನ ಚಲಕ. ರೈತಗ ಒಂದು, ನೇಕಾರಗ ಎರಡು ಅಂತ ನಂಬರ್ ಕೊಟ್ಟೇವಿ, ಖರೆ, ಆದ್ರ ಅವನ್ನ ಕೂಡಿಸಿ ಸರಾಸರಿ ತಗೀಬ್ಯಾಡ್ರಿ. ಮೊಣಕಾಲ ನೋವು ಇಲ್ಲ, ಸ್ವಲ್ಪ, ಭಾಳ, ಇದು ಮೆಟ್ಟಿಲ ಇದ್ದಂಗ. ಮಕ್ಕಳು ಎಷ್ಟು ಅನ್ನೂದು ಎಣಸೂದು. ಎರಡ ಇರ್ತಾವ, ಮೂರ ಇರ್ತಾವ, ಎರಡೂವರಿ ಇರೂದಿಲ್ಲ. ತೂಕ, ನಡ ಇವು ಅಳಿಯೂವು. ಎಪ್ಪತ್ತಕ್ಕೂ ಎಪ್ಪತ್ತೊಂದಕ್ಕೂ ನಡುವ ಎಷ್ಟು ಬೇಕಾದ್ರೂ ಬರ್ತಾವ."

ನಾನು ಹಿಂದಿನ ಬೆಂಚಿನಲ್ಲಿ ಕೂತು, ಅವರು ಮರೆತದ್ದನ್ನೆಲ್ಲ ನೆನಪಿಸಿ ಕೊಡುತ್ತಿದ್ದೆ. ಹಾಗೆಂದು ಊರಲ್ಲಿ ಹೇಳಿಕೊಂಡಿದ್ದೇನೆ. ನಿಜದಲ್ಲಿ ನಿದ್ದೆ ಬಂದಿತ್ತು, ಆದರೆ ಕಣ್ಣು ತೆರೆದು ನಿದ್ದೆ ಮಾಡುವ ವಿದ್ಯೆ ನನಗೊಬ್ಬನಿಗೇ ಗೊತ್ತು.

ನಿಯಮ ಹೀಗಿತ್ತು: ಗಂಡಸರ ಅಳತೆ ನಾನು ತೆಗೆಯಬೇಕು, ಹೆಂಗಸರದು ನನ್ನ ಜೊತೆಗಾತಿ ಶೈಲಾ. ಎಂಬತ್ತು ಸೆಂಟಿಮೀಟರಿಗಿಂತ ದಪ್ಪ ನಡುವಿನ ಹೆಂಗಸರನ್ನು ಗೋಕಾಕದ ಶಿಬಿರಕ್ಕೆ ಗಾಡಿ ಕಳಿಸಿ ಕರೆಸಿ, ರಕ್ತ ಪರೀಕ್ಷೆ ಮಾಡಿ, ಸಕ್ಕರೆ ಇದ್ದರೆ ಔಷಧಿ ಶುರು ಮಾಡುತ್ತಾರೆ. ಅಂಕಲಗಿಯನ್ನು ನಾವಿಬ್ಬರೂ ಸೇರಿ ಮುಗಿಸಿದೆವು. ಮಮದಾಪುರಕ್ಕೆ ಹೊರಟ ದಿನ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಶೈಲಾ ಸ್ಕೂಟಿಯಿಂದ ಬಿದ್ದು ಕಾಲು ಮುರಿದುಕೊಂಡಳು. ಮೇಡಂಗೆ ಆಕೆ ಫೋನ್ ಮಾಡಲು ಹೋದಾಗ, ನಾನೇ ಹೇಳುತ್ತೇನೆಂದು ತಡೆದೆ. ಹೇಳಲಿಲ್ಲ. ಹೇಳಿದ್ದರೆ ಬೇರೆ ಹೆಣ್ಣುಮಗಳು ಬರುವವರೆಗೆ ಮಮದಾಪುರವನ್ನು ನಿಲ್ಲಿಸಿ ನನ್ನನ್ನು ಇನ್ನೊಂದು ಊರಿಗೆ ಅಟ್ಟುತ್ತಿದ್ದರು, ಆಮೇಲೆ ಮತ್ತೆ ಇಲ್ಲಿಗೆ. ಒಂದೇ ಊರನ್ನು ಎರಡು ಸಲ ನಡೆಯುವ ಶಕ್ತಿ ಕಾಲಿನಲ್ಲಿ ಇರಲಿಲ್ಲ.

ಮೊದಲ ಮನೆ ಉದ್ದವ್ವನದು. ಎಪ್ಪತ್ತರ ಮುದುಕಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು.

"ಏನೋ ಅದು ಕೈಯಾಗ?"

"ಟೇಪ್ ಐತಿ ಆಯಿ. ನಿಮ್ಮ ನಡ ಅಳೀಬೇಕ್ರಿ. ಸಕ್ಕರಿ ಬ್ಯಾನಿ ಬರ್ತೈತೇನು ಅಂತ ಗೊತ್ತಾಗ್ತೈತಿ."

ಮುದುಕಿ ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ. "ನಲವತ್ತ ವರ್ಷ ಸಂಸಾರ ಮಾಡಿದ ನನ್ನ ಗಂಡ ಅಳೀಲಿಲ್ಲ ನನ್ನ ನಡ. ನೀ ಯಾವೂರ ಸಾಹೇಬೋ?"

"ಸರ್ಕಾರದ ಕೆಲಸ ಆಯಿ," ಎಂದು ಸುಳ್ಳು ಹೇಳಿದೆ.

"ಹಂಗಾರ ಸರ್ಕಾರಕ್ಕ ಹೇಳು, ಸಿಂಪಿ ಶೆಟ್ಟೆಪ್ಪನ ಅಂಗಡಿಗೆ ಹೋಗಂತ. ಊರ ಹೆಂಗಸರ ಅಳತಿ ಎಲ್ಲಾ ಅವನ ಬುಕ್ಕಿನ್ಯಾಗ ಐತಿ. ಅವನೂ ನಮ್ಮನ್ನ ಮುಟ್ಟೂದಿಲ್ಲ, ಹಳೀ ಜಂಪರ ಕೊಟ್ಟಿದ್ದನ್ನ ಅಳದ ಬರಕೊಂತಾನ. ನೀ ಅವಗಿಂತ ದೊಡ್ಡಾಂವೇನು?"

ಅದು ಬೈಗುಳ. ನಾನು ಅದನ್ನು ಸಲಹೆ ಎಂದುಕೊಂಡೆ. ಆದರೆ ತಕ್ಷಣವೇ ಹೋಗಲಿಲ್ಲ, ಅಷ್ಟು ನೀಚನಲ್ಲ ನಾನು. ಇನ್ನೂ ಹನ್ನೊಂದು ಮನೆಗಳ ಬಾಗಿಲು ತಟ್ಟಿದೆ. ಹನ್ನೊಂದೂ ಕಡೆ ನನ್ನ ಮುಖಕ್ಕಿಂತ ಮೊದಲು ನನ್ನ ಟೇಪನ್ನು ನೋಡಿದರು, ಹನ್ನೊಂದೂ ಬಾಗಿಲು ಮುಚ್ಚಿದವು.

ಹದಿಮೂರನೆಯದು ಕಮಲಾಬಾಯಿಯ ಹಿಟ್ಟಿನ ಗಿರಣಿ. ಐವತ್ತು ದಾಟಿದ, ಭಾರವಾದ ಹೆಂಗಸು, ಮೈತುಂಬ ಜೋಳದ ಹಿಟ್ಟು. ನನ್ನನ್ನು ನೋಡಿ ಪಟ್ಟಾ ನಿಲ್ಲಿಸಿದರು.

"ಬಾ ತಮ್ಮಾ, ಕುಂದ್ರು. ನಿನ್ನ ಮಾರಿ ನೋಡಿದ್ರ ಮೊದಲ ನಿನ್ನನ್ನ ದವಾಖಾನಿಗೆ ಕಳಸಬೇಕು."

"ನಡ ಅಳೀಬೇಕಾಗಿತ್ರಿ ಕಾಕೂ."

"ನಿನ್ನ ಟೇಪ್ ಸಾಲೂದಿಲ್ಲ ನನಗ. ಎರಡ ತರಬೇಕಿತ್ತು," ಎಂದು ನಕ್ಕರು. ಅಳೆಯಲು ಮಾತ್ರ ಬಿಡಲಿಲ್ಲ. ನೀರು ತಂದುಕೊಟ್ಟರು. ನಾನು ಒಂದು ತಂಬಿಗೆ ಮುಗಿಸುವಷ್ಟರಲ್ಲಿ ಅವರು ಎರಡು ತಂಬಿಗೆ ಕುಡಿದಿದ್ದರು. ಕಾಲಿನ ಹೆಬ್ಬೆರಳಿಗೆ ಹಳೆಯ ಸೀರೆಯ ಚೂರು ಸುತ್ತಿದ್ದರು. ಅದರ ಮೇಲೂ ಹಿಟ್ಟು ಕೂತಿತ್ತು, ಕೆಳಗಿನಿಂದ ಹಳದಿ ಒಸರಿತ್ತು.

"ಬೆರಳಿಗೆ ಏನಾತ್ರಿ?"

"ಕಬ್ಬಿಣ ತಟ್ಟೀತು. ತಿಂಗಳ ಆತು, ಮಾಯವಲ್ಲದು."

"ಡಾಕ್ಟರಿಗೆ ತೋರಸ್ರಿ. ತಿಂಗಳ ಅಂದ್ರ ಭಾಳ ಆತು."

"ಗಿರಣಿ ಬಂದ್ ಇಟ್ರ ಊರ ಉಪಾಸ ಬೀಳ್ತೈತಿ. ನಿಮ್ಮ ಕ್ಯಾಂಪಿಗೆ ಗಾಡಿ ಕಳಸ್ತಾರಂತಲ್ಲ, ಹೆಸರ ಬಂದ್ರ ಒಂದ ದಿನ ಹೋಗಿ ಬಂದೇನು. ಕಾಗದ ಬಂದ್ರ ಮನ್ಯಾಗ ಯಾರೂ ಬ್ಯಾಡ ಅನ್ನೂದಿಲ್ಲ."

"ಬರ್ತೈತಿ ಬಿಡ್ರಿ ಕಾಕೂ. ಗೋಕಾಕದಾಗ ಆ ಯಾದಿ ಬರಿಯಾಂವ ನಾನ. ನಿಮ್ಮ ಹೆಸರು ಮೊದಲನೇದು."

ಹೀಗೆ ಹೇಳಿ ಗಿರಣಿಯಿಂದ ಇಳಿದೆ. ಬಿಸಿಲು ಹಾಗೇ ಇತ್ತು. ಇನ್ನು ಐವತ್ತೊಂದು ಹೆಂಗಸರು ಉಳಿದಿದ್ದರು. ನೆರಳೆಂದರೆ ಶೆಟ್ಟೆಪ್ಪನ ಅಂಗಡಿಯದೊಂದೇ.

ಆ ಮಧ್ಯಾಹ್ನ ನಾನು ಮಾಡಿದ ಕೆಲಸವನ್ನು ಯಾವ ವಿಜ್ಞಾನಿಯೂ ಮಾಡಿರಲಾರ. ಅರವತ್ತನಾಲ್ಕು ಹೆಂಗಸರ ನಡುವಿನ ಅಳತೆಯನ್ನು ಎರಡು ತಾಸಿನಲ್ಲಿ ಮುಗಿಸಿದೆ, ಅದೂ ಮರದ ಸ್ಟೂಲಿನ ಮೇಲೆ ಕೂತು, ಚಹಾ ಕುಡಿಯುತ್ತ. ಶೆಟ್ಟೆಪ್ಪ ತನ್ನ ಉದ್ದನೆಯ ಬುಕ್ಕನ್ನು ನನ್ನ ಮುಂದೆ ಹಾಕಿ ಹೊಲಿಗೆ ಮುಂದುವರಿಸಿದ. ನಾನು ಇಂಚಿನ ಲೆಕ್ಕವನ್ನು ಮೊಬೈಲಿನಲ್ಲಿ ಸೆಂಟಿಮೀಟರಿಗೆ ತಿರುಗಿಸಿ ಹಾಳೆಗೆ ಇಳಿಸುತ್ತ ಹೋದೆ.

"ಮಾಲಿಂಗಣ್ಣ, ಒಂದ ಮಾತು," ಎಂದ ಶೆಟ್ಟೆಪ್ಪ, ಬಾಯಲ್ಲಿ ದಾರ ಕಚ್ಚಿಕೊಂಡೇ. "ಅದ್ರಾಗ ಭಾಳ ಮಂದೀದು ಲಗ್ನದಾಗ ಬರದಿದ್ದ ಅಳತಿ. ಆಮ್ಯಾಲ ನಾ ಬುಕ್ಕ ತಿದ್ದೂದಿಲ್ಲ. ಕಣ್ಣಳತಿ ಮ್ಯಾಲ ಎರಡ ಬಟ್ಟ ಬಿಡ್ತೀನಿ, ನಾಕ ಬಟ್ಟ ಬಿಡ್ತೀನಿ."

"ನಡೀತೈತೋ ಮಾರಾಯ. ಸರಾಸರಿ ಅಂತ ಒಂದ ಇರ್ತೈತಿ. ದಪ್ಪನಾಕಿ, ಸಣ್ಣನಾಕಿ ಎಲ್ಲಾ ಅದ್ರಾಗ ಬಿದ್ದು ಸಪಾಟ ಆಗ್ತಾರ."

"ನಿಮ್ಮ ಧಂದೆ ಛಲೋ ಐತಿ," ಎಂದ ಶೆಟ್ಟೆಪ್ಪ. "ನಾ ಹಂಗ ಸರಾಸರಿ ಜಂಪರ ಹೊಲದ್ರ ಊರ ಬಿಡಸ್ತಾರ."

ಯಾರ ಹೆಸರಿನ ಮುಂದೆ ಎಷ್ಟು ಎಂದು ನಾನು ನೋಡಲೂ ಇಲ್ಲ. ಕಣ್ಣು ಮುಚ್ಚಿ ಬರುತ್ತಿತ್ತು.

ಎಂಟು ದಿನದ ಮೇಲೆ ಮೇಡಂ ಗೋಕಾಕದ ಆಫೀಸಿಗೆ ಕರೆಸಿದರು. ಮಧ್ಯಾಹ್ನ ಮೂರು ಗಂಟೆ. ಫ್ಯಾನು ಸುತ್ತುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಮೇಜಿನ ಮೇಲೆ ಅರ್ಧ ತಿಂದ ಊಟದ ಡಬ್ಬಿ ಇತ್ತು. ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಅಂಕಲಗಿಯ ಹೆಂಗಸರ ಅಳತೆಯ ಚಿತ್ರದಲ್ಲಿ ಸಣ್ಣ ದೊಡ್ಡ ಕಂಬಗಳು ಒಂದಕ್ಕೊಂದು ಒತ್ತಿ ನಿಂತು ಗುಡ್ಡದಂತೆ ಏರಿ ಇಳಿದಿದ್ದವು. ಮಮದಾಪುರದ್ದರಲ್ಲಿ ಐದೇ ಕಂಬ, ನಡುವೆ ಬಯಲು.

"ಮಾಲಿಂಗ ಅವರ, ನಡ ಎಂಥ ಚಲಕ?"

"ಅಳಿಯೂದ್ರಿ."

"ಎಪ್ಪತ್ತೊಂದು ಪಾಯಿಂಟ್ ಒಂದು, ಎಪ್ಪತ್ತಾರು ಪಾಯಿಂಟ್ ಎರಡು, ಎಂಬತ್ತೊಂದು ಪಾಯಿಂಟ್ ಮೂರು. ಇವುಗಳ ನಡುವ ಮಮದಾಪುರದಾಗ ಒಬ್ಬಾಕೀನೂ ಇಲ್ಲೇನ್ರಿ? ಇವೆಲ್ಲಾ ಇಂಚು. ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು. ಬೆಸ ಇಂಚಿನಾಕಿ ಆ ಊರಾಗ ಹುಟ್ಟೇ ಇಲ್ಲ."

"ಟೇಪಿನ ಸೆಂಟಿಮೀಟರ್ ಬಾಜೂ ಬೆವರಿಗೆ ಅಳಸಿ ಹೋತ್ರಿ ಮೇಡಂ. ಇಂಚಿನ ಕಡೆನೂ ಬೆಸ ಅಂಕಿ ಕಾಣಂಗಿಲ್ಲ."

ಅವರು ನನ್ನನ್ನು ನೋಡಿದರು. ನಂಬಿದರೆಂದು ಅನಿಸಲಿಲ್ಲ. ಜಗಳಾಡುವ ಶಕ್ತಿ ಇದ್ದಂತೆಯೂ ಕಾಣಲಿಲ್ಲ.

"ಸರಾಸರಿ ಎಪ್ಪತ್ತೇಳು, ಮಧ್ಯಾಂಕ ಎಪ್ಪತ್ತಾರು. ಬ್ಯಾರೆ ಊರಿಗಿಂತ ಸ್ವಲ್ಪ ಕಡಿಮಿ, ಅದೇನೂ ವಿಚಿತ್ರ ಅಲ್ಲ. ಆದ್ರ ಮಾನಕ ವಿಚಲನೆ ಬ್ಯಾರೆ ಕಡೆ ಹತ್ತು ಐತಿ, ಇಲ್ಲಿ ಐದು. ಅಂದ್ರ ಮಂದಿ ಎಲ್ಲಾ ಸರಾಸರಿ ಸುತ್ತ ಗುಂಪಾಗಿ ಕುಂತಾರ. ಇಪ್ಪತ್ತರಾಕಿ, ಅರವತ್ತರಾಕಿ ಇಬ್ಬರ ನಡಾನೂ ಒಂದ." ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಹೋಗ್ಲಿ. ನಾಕ ಗಂಟೆಕ್ಕ ಶಿಬಿರದ ಯಾದಿ ಕಳಸಬೇಕು. ಮಮದಾಪುರದಿಂದ ಹತ್ತೊಂಬತ್ತ ಮಂದಿ. ಟೇಪ್ ಬದಲಿ ಮಾಡ್ರಿ, ಇನ್ನ ಹೋಗ್ರಿ."

ಇಲ್ಲಿಗೆ ನಾನು ಪಾರಾಗಿದ್ದೆ. ನಾಲ್ಕೂ ಹತ್ತಕ್ಕೆ ಬಸ್ಸು ಇತ್ತು. ಏಳುವಾಗ ಪ್ರಿಂಟರಿನಿಂದ ಹೊರಬಿದ್ದ ಹಾಳೆ ಕಣ್ಣಿಗೆ ಬಿತ್ತು. ಹತ್ತೊಂಬತ್ತು ಹೆಸರು. ಮೇಲಿನಿಂದ ಕೆಳಗೆ ಒಂದು ಸಲ, ಕೆಳಗಿನಿಂದ ಮೇಲೆ ಒಂದು ಸಲ ಓದಿದೆ.

"ಇದ್ರಾಗ ಕಮಲಾಬಾಯಿ ಅಂತ ಇಲ್ಲೇನ್ರಿ? ಗಿರಣಿಯವರು."

ಮೇಡಂ ಕಂಪ್ಯೂಟರಿನಲ್ಲಿ ಹುಡುಕಿದರು. "ಅದಾರ. ಎಪ್ಪತ್ತೊಂದು ಪಾಯಿಂಟ್ ಒಂದು. ಯಾದ್ಯಾಗ ಬರೂದಿಲ್ಲ." ಬೆರಳು ಕೀಲಿಗಳ ಮೇಲೆಯೇ ನಿಂತಿತು. "ಇಪ್ಪತ್ತೆಂಟು ಇಂಚಿನ ನಡದಾಕಿ ಯಾದ್ಯಾಗ ಯಾಕ ಇರ್ಬೇಕಾಗಿತ್ತು? ಶೈಲಾನ ಅಳದಾಳ."

ಸುಳ್ಳು ಹೇಳುವುದರಲ್ಲಿ ನನಗೆ ಈ ಮೂರು ತಾಲೂಕಿನಲ್ಲಿ ಎದುರಾಳಿ ಇಲ್ಲ. ಆ ಹೊತ್ತಿಗೆ ಏಳು ಉತ್ತರ ನಾಲಿಗೆಯ ಮೇಲೆ ಇದ್ದವು. ಒಂದೊಂದರ ಕೊನೆಗೂ ಆ ಹೆಬ್ಬೆರಳು ಗಿರಣಿಯಲ್ಲೇ ಉಳಿಯುತ್ತಿತ್ತು.

"ಕಮಲಾಬಾಯಿ ನಡ ಯಾರೂ ಅಳದಿಲ್ರಿ."

"ಮತ್ತ ಉಳದವರದು?"

"ಅವರದೂ ಇಲ್ರಿ. ಸಿಂಪಿ ಬುಕ್ಕ ನೋಡಿ ಬರದೇನಿ. ಶೈಲಾ ಆ ಊರಿಗೆ ಹೊಂಟ ದಿನಾನ ಬಿದ್ದಿದ್ಲು. ಆಕಿ ಕೈಲಿ ನಿಮಗ ಹೇಳಸಲಿಲ್ಲ ನಾ. ಆಕೀದೇನೂ ತಪ್ಪಿಲ್ಲ."

ಮೇಡಂ ಬೈಯಲಿಲ್ಲ. ಬೈದಿದ್ದರೆ ಅನುಕೂಲವಿತ್ತು. ಕಮಲಾಬಾಯಿಯ ಗಾಯದ ಮಾತನ್ನೂ ಹೇಳಿದೆ. ಬೆರಳು, ನೀರು, ಎಷ್ಟು ತಿಂಗಳಾಯಿತು, ವಯಸ್ಸು ಎಲ್ಲವನ್ನೂ ಒಂದೊಂದಾಗಿ ಕೇಳಿದರು. ಅರವತ್ತನಾಲ್ಕು ಸಾಲುಗಳನ್ನು ನನ್ನೆದುರೇ ಅಳಿಸಿದರು. ಹುಕ್ಕೇರಿಯ ತಂಡಕ್ಕೆ ಫೋನ್ ಮಾಡಿ, ಮರುದಿನ ಬೆಳಿಗ್ಗೆ ಇಬ್ಬರು ಹೆಣ್ಣುಮಕ್ಕಳನ್ನು ಮಮದಾಪುರಕ್ಕೆ ಕಳಿಸಲು ಹೇಳಿದರು. ಆಮೇಲೆ ಹತ್ತೊಂಬತ್ತೂ ಹೆಸರುಗಳ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಪೆನ್ನಿನಲ್ಲಿ ಕಮಲಾಬಾಯಿ ಎಂದು ಬರೆದರು. ನಡುವಿನ ಕಾಲಮ್ಮಿನಲ್ಲಿ ಏನೂ ಬರೆಯಲಿಲ್ಲ. ಪಕ್ಕದಲ್ಲಿ 'ಗಾಯ, ತುರ್ತು' ಎಂದಷ್ಟೇ ಬರೆದರು.

"ನಾಳೆ ಗಾಡಿ ಜೋಡಿ ನೀವೂ ಹೋಗ್ರಿ," ಎಂದರು. "ಮುಂದಿಂದು ಆಮ್ಯಾಲ ನೋಡೂಣು."

ಈ ಪ್ರಸಂಗವನ್ನು ಊರಿನ ಚಹಾದಂಗಡಿಯಲ್ಲಿ ನಾನು ಬೇರೆ ರೀತಿ ಹೇಳುತ್ತೇನೆ. ಅಲ್ಲಿ ನಾನೇ ಎದೆಯುಬ್ಬಿಸಿ ಆಫೀಸಿಗೆ ನುಗ್ಗಿ, ಮೇಡಂ, ಈ ಅಂಕಿಗಳು ಸುಳ್ಳು, ಒಂದು ಜೀವ ಉಳಿಸಿರಿ ಎನ್ನುತ್ತೇನೆ. ಕೇಳಿದವರು ಚಹಾದ ಹಣ ತಾವೇ ಕೊಡುತ್ತಾರೆ. ಬರೆಯಲು ಕೂತಾಗಲೂ ಹಾಗೆಯೇ ಬರೆಯಬೇಕೆಂದಿದ್ದೆ, ಆದರೆ ಶೈಲಾ ಇದನ್ನು ಓದುತ್ತಾಳೆ, ಆಕೆಗೆ ಎಲ್ಲ ಗೊತ್ತು. ನಾನು ಒಪ್ಪಿಕೊಳ್ಳಲು ಹೋಗಿರಲಿಲ್ಲ. ಕರೆದರೆಂದು ಹೋದೆ, ಸುಳ್ಳು ಹೇಳಿ ಎದ್ದೆ, ಬಸ್ಸಿಗೆ ಚಿಲ್ಲರೆ ಕೈಯಲ್ಲಿ ಹಿಡಿದಿದ್ದೆ. ಆ ಹಾಳೆ ಬೋರಲಾಗಿ ಬಿದ್ದಿದ್ದರೆ ನಾನು ಕಮಲಾಬಾಯಿಯನ್ನು ನೆನೆಯುತ್ತಲೂ ಇರಲಿಲ್ಲ.